ಓಲಾಡುವ ಬ್ಲೇಡಿನ ಹಲ್ಲು ಓಲಾಡುವುದಿಲ್ಲ

ನಾನು ಮೊದಲ ಸಲ ಮಾಡಿದ ಪುಸ್ತಕದ ಕಪಾಟಿನಲ್ಲಿ ಒಂದು ದೋಷವಿತ್ತು. ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೇಳುವ ಗರಗಸ ಯಂತ್ರದಲ್ಲಿ ನಿಲುವು ಹಲಗೆಗಳಿಗೆ ಅಡ್ಡಕ್ಕೆ ತೋಡು ಕೊರೆದು, ಅದರೊಳಗೆ ಅಡ್ಡಹಲಗೆಯ ತುದಿಯನ್ನು ಕೂರಿಸಿದ್ದೆ. ಎರಡು ಬದಿಯೂ ಬಿಗಿಯಾಗಿತ್ತು. ಆದರೆ ಬಗ್ಗಿ ನೋಡಿದರೆ ಹಲಗೆಯ ತುದಿಗೂ ತೋಡಿನ ತಳಕ್ಕೂ ನಡುವೆ ಬಿದಿಗೆಯ ಚಂದ್ರನಂಥ ಬೆಳಕಿನ ಗೆರೆ. ಮೊದಲು ನನ್ನ ಕೈಯನ್ನು ಅನುಮಾನಿಸಿದೆ, ಆಮೇಲೆ ಹಲಗೆಯನ್ನು, ಕೊನೆಗೆ ಯಂತ್ರದ ಮೇಜು ಸಮತಟ್ಟಾಗಿದೆಯೇ ಎಂದು ಅಳೆದೆ. ಎಲ್ಲವೂ ಸರಿಯಾಗಿದ್ದವು. ಆ ಚಂದ್ರರೇಖೆ ಬ್ಲೇಡಿನ ಜ್ಯಾಮಿತಿಯಿಂದಲೇ ಹುಟ್ಟಿತ್ತು. ಎಷ್ಟು ಎಚ್ಚರದಿಂದ ಕೊರೆದರೂ ಅದು ಹುಟ್ಟಿಯೇ ತೀರುತ್ತಿತ್ತು. ಅದು ಅರ್ಥವಾದ ದಿನ ನನಗಾದ ಸಂತೋಷಕ್ಕೆ ಕಪಾಟು ಹಾಳಾದ ಬೇಸರ ಮರೆತುಹೋಯಿತು. ಆ ಸಂತೋಷವನ್ನು ಹಂಚಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಅಗಲವಾದ ತೋಡಿಗೆ ಡೇಡೊ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ‘ದಾದೋ’ ಎಂದರೆ ಪಗಡೆಯ ದಾಳ. ಕಂಬದ ಪೀಠದ ನಡುವೆ ಇರುವ ಘನಾಕಾರದ ಭಾಗವನ್ನು ಶಿಲ್ಪಿಗಳು ಹಾಗೆ ಕರೆದರು. ಆಮೇಲೆ ಗೋಡೆಯ ಕೆಳಭಾಗಕ್ಕೂ ಅದೇ ಹೆಸರು ಬಂತು. ಕೊನೆಗೆ ಬಡಗಿಯ ತೋಡಿನವರೆಗೂ ಇಳಿಯಿತು. ಸಾಮಾನ್ಯ ಗರಗಸದ ಬ್ಲೇಡು ಸುಮಾರು 3 ಮಿಲಿಮೀಟರ್ ಅಗಲದ ಸೀಳನ್ನಷ್ಟೇ ಮಾಡುತ್ತದೆ. 19 ಮಿಲಿಮೀಟರ್ ಹಲಗೆ ಕೂರುವ ತೋಡು ಬೇಕೆಂದರೆ ಅದನ್ನು ಆರೇಳು ಸಲ ಓಡಿಸಬೇಕು. ಡೇಡೊ ಬ್ಲೇಡು ಆ ಕೆಲಸವನ್ನು ಒಂದೇ ಓಟದಲ್ಲಿ ಮುಗಿಸುತ್ತದೆ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಎರಡು ಹೊರಬ್ಲೇಡುಗಳ ನಡುವೆ ಚಿಪ್ಪರ್ ಎಂಬ ತುಂಡು ಬ್ಲೇಡುಗಳನ್ನು ಒಂದರ ಪಕ್ಕ ಒಂದು ಪೇರಿಸುತ್ತಾರೆ. ಇನ್ನೊಂದರಲ್ಲಿ ಒಂದೇ ಬ್ಲೇಡನ್ನು ಅಕ್ಷದಂಡದ ಮೇಲೆ ಓರೆಯಾಗಿ ಕೂರಿಸುತ್ತಾರೆ. ಓರೆಯಾದ್ದರಿಂದ ಅದು ತಿರುಗುವಾಗ ಅತ್ತಿತ್ತ ಓಲಾಡುವಂತೆ ಕಾಣುತ್ತದೆ. ಓರೆಯನ್ನು ಹೆಚ್ಚುಕಡಿಮೆ ಮಾಡಿದರೆ ತೋಡಿನ ಅಗಲ ಬದಲಾಗುತ್ತದೆ. ಬೆಲೆ ಕಡಿಮೆ, ಬಿಡಿಭಾಗಗಳೂ ಕಡಿಮೆ. ನಾನು ಕೊಂಡದ್ದು ಇದನ್ನೇ.

ಈ ಓಲಾಡುವ ಬ್ಲೇಡಿನ ಬಗ್ಗೆ ಅನುಭವಿ ಮರಗೆಲಸದವರೂ ಹೇಳುವ ವಿವರಣೆ ಒಂದಿದೆ: ‘ಹಲ್ಲುಗಳು ಎಡಕ್ಕೂ ಬಲಕ್ಕೂ ಬೀಸಿ ಮರವನ್ನು ಸವರುತ್ತವೆ.’ ಇದು ತಪ್ಪು, ಕಣ್ಣು ಮಾಡುವ ಮೋಸ. ಒಂದು ಹಲ್ಲಿಗೆ ಬಣ್ಣ ಹಚ್ಚಿ, ಯಂತ್ರದ ಪ್ಲಗ್ ಕಿತ್ತಿಟ್ಟು, ಬ್ಲೇಡನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಬಣ್ಣದ ಹಲ್ಲು ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ತನ್ನದೇ ಒಂದು ಸಮತಲದಲ್ಲಿ ಶಿಸ್ತಾಗಿ ವೃತ್ತ ಬರೆಯುತ್ತದೆ. ಬ್ಲೇಡು ಓರೆಯಾಗಿದೆ ನಿಜ, ಆದರೆ ಅಕ್ಷದಂಡಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಎಡದ ತುದಿಯಲ್ಲಿರುವ ಹಲ್ಲು ಸದಾ ಎಡದಲ್ಲೇ ತಿರುಗುತ್ತದೆ, ನಡುವಿನದು ಸದಾ ನಡುವಿನಲ್ಲೇ. ನಾವು ಒಂದೇ ಕಡೆ ನಿಂತು ನೋಡುವುದರಿಂದ ಒಂದಾದ ಮೇಲೊಂದು ಬೇರೆ ಬೇರೆ ಹಲ್ಲುಗಳು ಕಣ್ಣೆದುರು ಹಾದುಹೋಗುತ್ತವೆ. ಅದನ್ನೇ ಓಲಾಟ ಎಂದುಕೊಳ್ಳುತ್ತೇವೆ. ರಿಮ್ ಸೊಟ್ಟಗಾದ ಸೈಕಲ್ ಚಕ್ರ ಬ್ರೇಕಿನ ನಡುವೆ ಅತ್ತಿತ್ತ ತೊನೆಯುವಂತೆ ಕಾಣುವುದೂ ಹೀಗೆಯೇ.

ಇನ್ನು ಆ ಚಂದ್ರರೇಖೆಗೆ ಬರೋಣ. ಒಂದು ಚೆಂಡಿನ ಸುತ್ತ ಅದರ ನಡುವಿಗೆ ಸರಿಯಾಗಿ ಬಳೆ ತೊಡಿಸಿದ್ದೇವೆ ಎಂದುಕೊಳ್ಳಿ. ಬಳೆಯನ್ನು ಸ್ವಲ್ಪ ಓರೆ ಮಾಡಿ. ಅದು ಚೆಂಡಿನ ಮೈಯನ್ನು ಬಿಟ್ಟು ಏಳುವುದಿಲ್ಲ. ಎಷ್ಟು ಓರೆ ಮಾಡಿದರೂ ಚೆಂಡಿಗೆ ಅಂಟಿಕೊಂಡೇ ಇರುತ್ತದೆ. ಓರೆಯಾದ ಬ್ಲೇಡಿನ ಹಲ್ಲುಗಳೆಲ್ಲ ಆ ಬಳೆಯ ಮೇಲಿನ ಚುಕ್ಕೆಗಳು. ಅಂದರೆ ಅವೆಲ್ಲ ಕಾಣದ ಒಂದು ಗೋಳದ ಮೈಮೇಲಿವೆ, ಮತ್ತು ಬ್ಲೇಡು ತಿರುಗಿದಾಗ ಮರದಲ್ಲಿ ಮೂಡುವುದು ಆ ಗೋಳದ ಒಂದು ಪಟ್ಟಿಯ ಅಚ್ಚು. ಗೋಳದ ಅಚ್ಚು ಸಮತಟ್ಟಾಗಿರುವುದು ಹೇಗೆ ಸಾಧ್ಯ? ತಳದ ನಡುಭಾಗ ಆಳವಾಗಿ, ಎರಡು ಅಂಚು ಮೇಲಾಗಿ ಉಳಿಯಲೇಬೇಕು.

ಎಷ್ಟು ಆಳ ಎಂಬ ಲೆಕ್ಕ ಶಾಲೆಯ ಜ್ಯಾಮಿತಿಯಷ್ಟೇ ಸರಳ. ತೋಡಿನ ಅರ್ಧ ಅಗಲದ ವರ್ಗವನ್ನು ಬ್ಲೇಡಿನ ವ್ಯಾಸದಿಂದ ಭಾಗಿಸಿ. 8 ಅಂಗುಲದ, ಎಂದರೆ 203 ಮಿಲಿಮೀಟರ್ ವ್ಯಾಸದ ಬ್ಲೇಡು 19 ಮಿಲಿಮೀಟರ್ ತೋಡು ಕೊರೆದರೆ 9.5ರ ವರ್ಗ 90. ಅದನ್ನು 203ರಿಂದ ಭಾಗಿಸಿದರೆ ಸುಮಾರು 0.44 ಮಿಲಿಮೀಟರ್. ಇದು ಹಲ್ಲನ್ನು ಚೂಪಾದ ಬಿಂದು ಎಂದುಕೊಂಡು ಮಾಡಿದ ಲೆಕ್ಕ. ಹಲ್ಲಿಗೂ ಅಗಲವಿರುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಿದ್ದರೂ ಕಣ್ಣಿಗೆ ಕಾಣುವಷ್ಟು ಬೆಳಕು ನುಸುಳಲು ಅದು ಧಾರಾಳ ಸಾಕು.

ಇನ್ನೊಂದು ಸಂಗತಿಯೂ ಇದೆ. ಓರೆ ಬ್ಲೇಡಿನ ಹಲ್ಲುಗಳು ತೋಡಿನ ಅಗಲಕ್ಕೆ ಸಮನಾಗಿ ಹರಡಿರುವುದಿಲ್ಲ. ಉಯ್ಯಾಲೆ ನಡುವಿನಲ್ಲಿ ಸರ್ರನೆ ಹಾದು ಎರಡು ತುದಿಗಳಲ್ಲಿ ತಡೆಯುತ್ತದಲ್ಲ, ಹಾಗೆ. ಸೂರ್ಯ ಹುಟ್ಟುವ ಜಾಗ ಉತ್ತರಾಯಣ, ದಕ್ಷಿಣಾಯನಗಳ ತಿರುವಿನಲ್ಲಿ ದಿನಗಟ್ಟಲೆ ಕದಲದಂತೆ ತೋರಿ, ನಡುವಿನ ತಿಂಗಳುಗಳಲ್ಲಿ ಬೇಗಬೇಗನೆ ಸರಿಯುತ್ತದಲ್ಲ, ಹಾಗೆ. ಮೂರರ ಹಿಂದೆಯೂ ಇರುವುದು ಒಂದೇ ಗಣಿತ. 24 ಹಲ್ಲುಗಳ ಓರೆ ಬ್ಲೇಡಿನಲ್ಲಿ ತೋಡಿನ ನಡುವಿನ ಮೂರನೇ ಒಂದು ಭಾಗಕ್ಕೆ ಸಿಗುವುದು ಸುಮಾರು 5 ಹಲ್ಲು. ಎರಡು ಪಕ್ಕಗಳಿಗೆ ತಲಾ ಒಂಬತ್ತರಷ್ಟು. ಅತಿ ಆಳಕ್ಕೆ ಇಳಿಯಬೇಕಾದ ಜಾಗಕ್ಕೇ ಅತಿ ಕಡಿಮೆ ಹಲ್ಲು. ತಳ ಒರಟಾಗುವುದರಲ್ಲಿ ಆಶ್ಚರ್ಯವೇನಿದೆ?

ನಡುಕದ ಮಾತನ್ನೂ ಹೇಳಿಬಿಡುತ್ತೇನೆ. ಓರೆ ತಟ್ಟೆಯ ತೂಕ ಅಕ್ಷದ ಎರಡು ಬದಿಗೂ ಸಮನಾಗಿಯೇ ಇದೆ. ನಿಂತಾಗ ಅದು ಯಾವ ಕಡೆಗೂ ವಾಲುವುದಿಲ್ಲ. ಆದರೆ ತಿರುಗುವಾಗ ಅದು ನೆಟ್ಟಗಾಗಲು ಹೆಣಗುತ್ತದೆ. 800 ಗ್ರಾಂ ತೂಕದ, 8 ಅಂಗುಲದ ತಟ್ಟೆಯನ್ನು ಐದೂವರೆ ಡಿಗ್ರಿಯಷ್ಟು ಓರೆ ಮಾಡಿ ನಿಮಿಷಕ್ಕೆ 4000 ಸುತ್ತು ತಿರುಗಿಸಿದರೆ ಅಕ್ಷದಂಡದ ಮೇಲೆ ಬೀಳುವ ತಿರುಚು ಬಲ ಸುಮಾರು 35 ನ್ಯೂಟನ್ ಮೀಟರ್. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 12 ಕಿಲೋ ತೂಗುಹಾಕಿದಂತೆ. ಅದೂ ಸೆಕೆಂಡಿಗೆ 67 ಸಲ ಸುತ್ತು ಹಾಕುತ್ತಾ. ದೊಡ್ಡ ಕಾರ್ಖಾನೆಯ ಎರಕದ ಕಬ್ಬಿಣದ ಯಂತ್ರ ಇದನ್ನು ನುಂಗಿಕೊಳ್ಳಬಹುದು. ಮನೆಯ ಹಗುರ ಯಂತ್ರದ ಬೇರಿಂಗುಗಳಿಗೆ ಇದು ಶಿಕ್ಷೆ.

ಹಾಗಾಗಿ ನನ್ನ ಮಾತು ನೇರವಾಗಿದೆ: ಪೇರಿಸುವ ಬಗೆಯನ್ನೇ ಕೊಳ್ಳಿ. ಅದರ ಪ್ರತಿಯೊಂದು ತಟ್ಟೆಯೂ ಅಕ್ಷಕ್ಕೆ ಲಂಬವಾಗಿ ನಿಲ್ಲುವುದರಿಂದ ಮರದಲ್ಲಿ ಮೂಡುವುದು ಗೋಳದ ಅಚ್ಚಲ್ಲ, ಉರುಳೆಯ ಅಚ್ಚು. ಉರುಳೆಯ ಮೈ ಅಕ್ಷದ ಉದ್ದಕ್ಕೂ ನೆಟ್ಟಗಿರುತ್ತದೆ, ತಳವೂ ಸಮತಟ್ಟಾಗುತ್ತದೆ. ಷರತ್ತು ಒಂದೇ: ಎಲ್ಲ ತಟ್ಟೆಗಳ ವ್ಯಾಸವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಅದಕ್ಕೇ ಒಂದು ಸೆಟ್ಟಿನ ಚಿಪ್ಪರನ್ನು ಇನ್ನೊಂದು ಸೆಟ್ಟಿಗೆ ಬೆರೆಸಬಾರದು, ಸಾಣೆಗೆ ಕೊಡುವಾಗ ಇಡೀ ಸೆಟ್ಟನ್ನು ಒಟ್ಟಿಗೇ ಕೊಡಬೇಕು. ಹೊರಬ್ಲೇಡಿನ ಹಲ್ಲಿನ ತುದಿ ಸ್ವಲ್ಪ ಓರೆಯಾಗಿ ಚೂಪಾಗಿರುತ್ತದೆ. ಚಿಪ್ಪರ್ ಮರ ಕೀಳುವ ಮೊದಲೇ ಅದು ಅಂಚಿನ ನಾರನ್ನು ಚಾಕುವಿನಂತೆ ಕತ್ತರಿಸುತ್ತದೆ. ಆದ್ದರಿಂದ ತೋಡಿನ ಎರಡು ಮೂಲೆಗಳಲ್ಲಿ ಗೀರಿನಂಥ ಸಣ್ಣ ಗೆರೆ ಉಳಿಯುತ್ತದೆ. ಇದನ್ನು ದೋಷವೆಂದು ಕೆಲವರು ಸೆಟ್ಟನ್ನೇ ಹಿಂದಿರುಗಿಸುತ್ತಾರೆ. ಪ್ಲೈವುಡ್ಡಿನ ತೆಳುವಾದ ಮೇಲ್ಪದರ ಕಿತ್ತುಬರದಂತೆ ತಡೆಯುವುದು ಆ ಚೂಪೇ.

ಹಲ್ಲಿನ ತುದಿಗೆ ಬೆಸೆದಿರುವ ಟಂಗ್‌ಸ್ಟನ್ ಕಾರ್ಬೈಡಿನ ಕಥೆ ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದು ಬಂದದ್ದು ಮರಗೆಲಸದಿಂದಲ್ಲ, ವಿದ್ಯುತ್ ದೀಪದಿಂದ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯನ್ನು ಎಳೆಯಲು ವಜ್ರದ ಅಚ್ಚುಗಳು ಬೇಕಾಗುತ್ತಿದ್ದವು, ಅವು ದುಬಾರಿ. ಬದಲಿ ವಸ್ತು ಹುಡುಕುತ್ತಿದ್ದ ಜರ್ಮನಿಯ ಒಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಲೋಹದ ಬಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಅದನ್ನು ಮಾರುಕಟ್ಟೆಗೆ ತಂದ ಕ್ರುಪ್ ಕಂಪನಿ ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಪದಗಳನ್ನು ಕೂಡಿಸಿ ವಿಡಿಯಾ ಎಂದು ಹೆಸರಿಟ್ಟಿತು. ಪ್ಲೈವುಡ್ಡಿನ ಅಂಟುಪದರ ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ, ಕಾರ್ಬೈಡ್ ತಡೆದುಕೊಳ್ಳುತ್ತದೆ. ಆದರೆ ಅದು ಪೆಡಸು. ಬ್ಲೇಡನ್ನು ಕಾಂಕ್ರೀಟ್ ನೆಲದ ಮೇಲೆ ಇಟ್ಟರೂ ಹಲ್ಲು ಮುಕ್ಕಾಗಬಹುದು. ಹಲ್ಲು ದಪ್ಪವಾಗಿದ್ದಷ್ಟೂ ಹೆಚ್ಚು ಸಲ ಸಾಣೆ ಹಿಡಿಸಬಹುದು. ಅಗ್ಗದ ಸೆಟ್ಟು ಸಾಮಾನ್ಯವಾಗಿ ಉಳಿತಾಯ ಮಾಡುವುದು ಇಲ್ಲೇ.

ಇನ್ನು ಸೆಟ್ಟಿನ ವ್ಯಾಸ 6 ಅಂಗುಲವೋ 8 ಅಂಗುಲವೋ? ದೊಡ್ಡದೇ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮನೆಯ 10 ಅಂಗುಲದ ಗರಗಸ ಮೇಜಿನ ಮೇಲೆ ಗರಿಷ್ಠ 80 ಮಿಲಿಮೀಟರ್ ಏಳುತ್ತದೆ ಎಂದಿಟ್ಟುಕೊಳ್ಳಿ. ಆಗ 6 ಅಂಗುಲದ ಸೆಟ್ಟು ಸುಮಾರು 29 ಮಿಲಿಮೀಟರ್ ಆಳ ಕೊರೆಯಬಲ್ಲದು. ಕಪಾಟಿನ ತೋಡಿಗೆ ಬೇಕಾದದ್ದು 6ರಿಂದ 10. ಇತ್ತ ತಿರುಗುವ ತಟ್ಟೆಯಲ್ಲಿ ಕೂಡಿಡುವ ಶಕ್ತಿ, ದಪ್ಪವೂ ವೇಗವೂ ಒಂದೇ ಆಗಿದ್ದರೆ, ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. ಎರಡೇ ಅಂಗುಲ ಹೆಚ್ಚಾದರೂ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಆ ಭಾರವನ್ನು ವೇಗಕ್ಕೆ ತರುವುದು ನಿಮ್ಮ ಸಣ್ಣ ಮೋಟಾರು, ಸ್ವಿಚ್ ಆರಿಸಿದ ಮೇಲೆ ನಿಲ್ಲುವವರೆಗೆ ಕಾಯಬೇಕಾದವರು ನೀವು. 8 ಅಂಗುಲದ ಹಲ್ಲು ವೇಗವಾಗಿ ಓಡುತ್ತದೆ, ಕತ್ತರಿಸುವಿಕೆ ತುಸು ನಯ ಎಂಬುದು ನಿಜ. ಆದರೂ ಸಣ್ಣ ಯಂತ್ರಕ್ಕೆ 6 ಅಂಗುಲವೇ ಸರಿ. ಚರ್ಮ ತಾಗಿದೊಡನೆ ಬ್ಲೇಡನ್ನು ತಡೆದು ನಿಲ್ಲಿಸುವ ಸಾಸ್ಟಾಪ್ ಯಂತ್ರಗಳ ಮಾತು ಬೇರೆ: ಅವಕ್ಕೆ 8 ಅಂಗುಲದ ಸೆಟ್ಟೇ ಬೇಕು, ಡೇಡೊಗೆಂದೇ ಮಾಡಿದ ಪ್ರತ್ಯೇಕ ಬ್ರೇಕ್ ಕಾರ್ಟ್ರಿಜ್ಜೂ ಬೇಕು.

ಕೊಳ್ಳುವ ಮೊದಲು ಅಕ್ಷದಂಡದ ಉದ್ದ ಅಳೆಯಿರಿ. ಸೆಟ್ಟು ಕೂತ ಮೇಲೂ ನಟ್ಟಿನೊಳಗಿನ ತಿರುಪುಗೆರೆಗಳೆಲ್ಲ ಪೂರ್ತಿ ಹಿಡಿಯಬೇಕು. ದಂಡವೇ ಗಿಡ್ಡವಾಗಿದ್ದರೆ ಆ ಯಂತ್ರಕ್ಕೆ ಡೇಡೊ ಇಲ್ಲ, ಅಷ್ಟೇ. ಯುರೋಪಿನಲ್ಲಿ ಡೇಡೊ ಬ್ಲೇಡನ್ನು ನಿಷೇಧಿಸಿದ್ದಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಲ್ಲಿನ ಯಂತ್ರಗಳ ದಂಡ ಸಾಮಾನ್ಯವಾಗಿ ಗಿಡ್ಡ, ಬ್ಲೇಡು ಬೇಗ ನಿಲ್ಲಬೇಕೆಂಬ ನಿಯಮವೂ ಇದೆ. ಭಾರವಾದ ಸೆಟ್ಟನ್ನು ಥಟ್ಟನೆ ತಡೆದರೆ ಅದರ ಜಡತ್ವವೇ ನಟ್ಟನ್ನು ಸಡಿಲಿಸಬಹುದು. ಬಳಕೆ ಅಪರೂಪವಾದದ್ದು ನಿಷೇಧದಿಂದಲ್ಲ, ಇಂಥ ಕಾರಣಗಳಿಂದ.

ಡೇಡೊ ಹಾಕಿದಾಗ ಬ್ಲೇಡಿನ ಮೇಲಿನ ರಕ್ಷಾಕವಚವನ್ನೂ, ಸೀಳಿದ ಮರ ಬ್ಲೇಡನ್ನು ಹಿಡಿಯದಂತೆ ತಡೆಯುವ ಹಿಂದಿನ ಸೀಳುಪಟ್ಟಿಯನ್ನೂ ತೆಗೆಯಬೇಕಾಗುತ್ತದೆ. 19 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಆಳದ ತೋಡಿನಲ್ಲಿ ಮರ ಕೀಳುವ ಪ್ರಮಾಣ, ಅದೇ ಹಲಗೆಯನ್ನು ಸಾಮಾನ್ಯ ಬ್ಲೇಡಿನಿಂದ ಸೀಳುವಾಗಿನ ಮೂರು ಪಟ್ಟು. ಹಲಗೆ ಎದ್ದು ಹಿಂದಕ್ಕೆ ಒದೆಯುವ ಅಪಾಯವೂ ಅಷ್ಟೇ ನಿಜ. ತಳ್ಳುಹಿಡಿ ಇಲ್ಲದೆ, ಹಲಗೆಯನ್ನು ಮೇಜಿಗೆ ಒತ್ತಿಹಿಡಿಯುವ ವ್ಯವಸ್ಥೆ ಇಲ್ಲದೆ ಯಂತ್ರ ಚಾಲೂ ಮಾಡಬೇಡಿ. ಆಳವನ್ನು ಎರಡು ಕಂತಿನಲ್ಲಿ ಕೊರೆಯಿರಿ.

ಜೋಡಿಸುವಾಗ ಚಿಪ್ಪರಿನ ಹಲ್ಲು ಪಕ್ಕದ ಬ್ಲೇಡಿನ ಹಲ್ಲಿಗೆ ತಾಗದೆ, ಎರಡು ಹಲ್ಲುಗಳ ನಡುವಿನ ಖಾಲಿಯಲ್ಲಿ ಕೂರಬೇಕು. 18 ಮಿಲಿಮೀಟರ್ ಎಂದು ಮಾರುವ ಪ್ಲೈವುಡ್ ನಿಜಕ್ಕೂ 18 ಇರುವುದು ಅಪರೂಪ. ಅದಕ್ಕೇ 0.1 ಮಿಲಿಮೀಟರಿನಷ್ಟು ತೆಳುವಾದ ಶಿಮ್ ಬಿಲ್ಲೆಗಳು ಜೊತೆಗೆ ಬರುವ ಸೆಟ್ಟನ್ನೇ ಆರಿಸಿ. ಮೊದಲು ರದ್ದಿ ಹಲಗೆಯಲ್ಲಿ ಒಂದು ತೋಡು ಕೊರೆದು, ಅಡ್ಡಹಲಗೆಯನ್ನು ಕೂರಿಸಿ, ಬೆಳಕಿಗೆ ಹಿಡಿದು ನೋಡಿ. ಸುತ್ತಿಗೆಯ ಹಂಗಿಲ್ಲದೆ ಅಂಗೈ ಒತ್ತಿಗೆ ಕೂತರೆ ಅಳತೆ ಸರಿಯಾಗಿದೆ. ಯಾವ ಚಿಪ್ಪರ್, ಎಷ್ಟು ಶಿಮ್ ಎಂಬುದನ್ನು ಆ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆದು ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿ. ನನ್ನ ಮೊಳೆಯಲ್ಲಿ ಈಗ ಅಂಥ ಏಳು ತುಂಡುಗಳಿವೆ.