ಎಣ್ಣೆಗೆ ಊರಿನ ಜನ ಬೇಕಾಗಿಲ್ಲ

ಮಂಡ್ಯದ ರೈತರು ಸಿಟ್ಟಾದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಕಾವೇರಿ ನೀರಿನ ವಿಷಯ ಇರಲಿ, ಕಬ್ಬಿನ ಬಾಕಿ ಇರಲಿ, ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದು ಕೂತರೆ ವಿಧಾನಸೌಧದಲ್ಲಿ ಯಾರಿದ್ದರೂ ಕಿವಿಗೊಡಲೇಬೇಕು. ರೈತರ ಗಟ್ಟಿತನ ಇದಕ್ಕೆ ಒಂದು ಕಾರಣ, ನಿಜ. ಇನ್ನೊಂದು ಕಾರಣ ಬೆಳೆಯಲ್ಲೇ ಇದೆ. ಕಬ್ಬು ತಾನಾಗಿ ಬೆಳೆಯೋದಿಲ್ಲ. ನಾಟಿ ಹಾಕಬೇಕು, ನಾಲೆ ನೀರು ಕಟ್ಟಬೇಕು, ಕಳೆ ತೆಗೆಯಬೇಕು, ಕಡಿದು ಲಾರಿಗೆ ತುಂಬಬೇಕು. ಪ್ರತಿ ಹಂತಕ್ಕೂ ಜನರ ಕೈ ಬೇಕು. ಜನ ಕೈ ಕಟ್ಟಿ ಕೂತರೆ ಕಾರ್ಖಾನೆ ನಿಲ್ಲುತ್ತದೆ.

ಕಚ್ಚಾತೈಲ ಹಾಗಲ್ಲ. ಹೊರಗಿನಿಂದ ಯಂತ್ರ ಬರುತ್ತದೆ, ಹೊರಗಿನಿಂದ ಎಂಜಿನಿಯರ್ ಬರುತ್ತಾರೆ, ಬಾವಿ ಕೊರೆದು ಪೈಪ್ ಹಾಕಿದರೆ ಮುಗಿಯಿತು. ಮೇಲೆ ವಾಸ ಮಾಡುವವರು ಮೀನು ಹಿಡಿಯುತ್ತಿದ್ದರೇನು, ಗೆಣಸು ಬೆಳೆಯುತ್ತಿದ್ದರೇನು, ಎಣ್ಣೆ ತನ್ನ ಪಾಡಿಗೆ ಬಂದರಿಗೆ ಹರಿದು ಹೋಗುತ್ತದೆ. ಆಫ್ರಿಕಾದ ನೈಜೀರಿಯಾದಲ್ಲಿ ನೈಜರ್ ನದಿ ಸಮುದ್ರ ಸೇರುವ ಪ್ರದೇಶ, ಅಂದರೆ ನೈಜರ್ ಡೆಲ್ಟಾದ ಬಗ್ಗೆ ಓದಿದಷ್ಟೂ ನನಗೆ ಇದೇ ಮಾತು ಕಾಣುತ್ತದೆ: ಆ ಸಂಪತ್ತಿಗೆ ಅಲ್ಲಿನ ಜನರೇ ಬೇಕಾಗಿಲ್ಲ. ಉಳಿದ ಅನ್ಯಾಯಗಳೆಲ್ಲ ಇದರ ಹಿಂದೆಯೇ ಬಂದವು.

ಅಲ್ಲಿ ಎಣ್ಣೆ ಸಿಗಲು ನದಿಯೇ ಕಾರಣ. ನೈಜರ್ ಸುಮಾರು 4,180 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುತ್ತದೆ. ಕೋಟ್ಯಂತರ ವರ್ಷ ಆ ಬಾಯಲ್ಲಿ ಹೂಳು ಬೀಳುತ್ತಾ ಹೋಯಿತು. ಕೆಲವು ಕಡೆ ಹೂಳಿನ ದಪ್ಪ ಸುಮಾರು 10 ಕಿಲೋಮೀಟರ್! ಹೂಳಿನ ಜೊತೆಗೆ ಸತ್ತ ಪಾಚಿ, ಸೂಕ್ಷ್ಮಜೀವಿ, ಗಿಡದ ಚೂರು ಎಲ್ಲ ಹೂತುಹೋಗುತ್ತವೆ. ಆಳಕ್ಕೆ ಇಳಿದ ಹಾಗೆ ಬಿಸಿ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಆ ಜೀವಾಂಶ ನಿಧಾನವಾಗಿ ಎಣ್ಣೆಯಾಗುತ್ತದೆ. ಅದಕ್ಕಿಂತ ಜಾಸ್ತಿ ಬಿಸಿಯಾದರೆ ಅನಿಲ. ಹಗುರವಾದ ಎಣ್ಣೆ ಮೇಲಕ್ಕೆ ಏರಿ ಮರಳಿನ ಪದರದಲ್ಲಿ ಸೇರಿಕೊಳ್ಳುತ್ತದೆ, ಮೇಲೆ ಜೇಡಿಯ ಪದರ ಇದ್ದರೆ ಅಲ್ಲೇ ನಿಲ್ಲುತ್ತದೆ.

ನಮ್ಮ ಮಂಡ್ಯ, ಮೈಸೂರಿನ ಕೆಳಗೆ ಇದು ಸಾಧ್ಯವೇ ಇಲ್ಲ. ಇಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಆದರೆ ನಮ್ಮ ಊರಿನ ಪಕ್ಕ ಹರಿಯುವ ಇದೇ ಕಾವೇರಿ ಸಮುದ್ರ ಸೇರುವ ಕಡೆ, ನಾಗಪಟ್ಟಣಂ ಸುತ್ತಮುತ್ತ, ಎಣ್ಣೆ ಇದೆ, ತೆಗೆಯುತ್ತಲೂ ಇದ್ದಾರೆ. ಅಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2020ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ಡೆಲ್ಟಾವನ್ನು ಸಂರಕ್ಷಿತ ಕೃಷಿ ವಲಯ ಅಂತ ಕಾನೂನು ಮಾಡಿತು. ಹೊಸದಾಗಿ ಎಣ್ಣೆ ಬಾವಿ ಕೊರೆಯುವಂತಿಲ್ಲ. ನೀರಿನ ಜಗಳ ಏನೇ ಇರಲಿ, ಆ ವಿಷಯದಲ್ಲಿ ತಂಜಾವೂರಿನ ರೈತರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನೈಜರ್ ಡೆಲ್ಟಾದವರಿಗೆ ಆ ಅವಕಾಶ ಸಿಗಲಿಲ್ಲ. 1956ರಲ್ಲಿ ಒಲೊಯಿಬಿರಿ ಅನ್ನುವ ಹಳ್ಳಿಯಲ್ಲಿ ಷೆಲ್-ಬಿಪಿ ಕಂಪನಿಗೆ ಎಣ್ಣೆ ಸಿಕ್ಕಿತು. ಆಗಿನ್ನೂ ಬ್ರಿಟಿಷರ ಆಳ್ವಿಕೆ. 1958ಕ್ಕೆ ರಫ್ತು ಶುರುವಾಯಿತು, 1960ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಆ ಹೊತ್ತಿನ ನಿಯಮ ಚೆನ್ನಾಗಿಯೇ ಇತ್ತು. ಯಾವ ಪ್ರಾಂತ್ಯದ ನೆಲದಿಂದ ಆದಾಯ ಬರುತ್ತದೋ ಅದರಲ್ಲಿ ಶೇ 50 ಆ ಪ್ರಾಂತ್ಯಕ್ಕೆ. ಆಗ ಉತ್ತರದಲ್ಲಿ ಕಡಲೆಕಾಯಿ, ಪಶ್ಚಿಮದಲ್ಲಿ ಕೋಕೋ, ಪೂರ್ವದಲ್ಲಿ ತಾಳೆ ಎಣ್ಣೆ. ಬೆಳೆಯುವವರು ದೊಡ್ಡ ದೊಡ್ಡ ಸಮುದಾಯಗಳು, ಅಧಿಕಾರವೂ ಅವರ ಕೈಯಲ್ಲೇ ಇತ್ತು.

ಆಮೇಲೆ ಕಡಲೆಕಾಯಿ, ಕೋಕೋ ಹಿಂದೆ ಬಿದ್ದವು, ಕಚ್ಚಾತೈಲ ಮುಂದೆ ಬಂತು. ಅದಿದ್ದದ್ದು ಇಜಾ, ಒಗೋನಿ, ಉರ್ಹೋಬೊ, ಇತ್ಸೆಕಿರಿ ಮುಂತಾದವರ ನೆಲದಲ್ಲಿ. ಹೌಸಾ-ಫುಲಾನಿ, ಯೊರುಬಾ, ಇಗ್ಬೊ ಎಂಬ ದೊಡ್ಡ ಸಮುದಾಯಗಳ ಮುಂದೆ ಇವರು ಅಲ್ಪಸಂಖ್ಯಾತರು. ಅಷ್ಟು ಹೊತ್ತಿಗೆ ಲೆಕ್ಕವೇ ಬದಲಾಗುತ್ತಾ ಹೋಯಿತು. 1969ರ ಕಾನೂನು ಎಣ್ಣೆಯನ್ನೆಲ್ಲ ಕೇಂದ್ರ ಸರ್ಕಾರದ ಸ್ವತ್ತು ಮಾಡಿತು. 1978ರ ಇನ್ನೊಂದು ಕಾನೂನು ನೆಲವನ್ನೇ ರಾಜ್ಯಪಾಲರ (ಅಲ್ಲಿ ರಾಜ್ಯದ ಆಡಳಿತ ನಡೆಸುವವರು ಅವರೇ) ಕೈಗೆ ಕೊಟ್ಟಿತು. ಅಂದರೆ ಭೂಸ್ವಾಧೀನ ಆದಾಗ ಬೆಳೆಗೆ, ಕಟ್ಟಡಕ್ಕೆ ಪರಿಹಾರ ಕೇಳಬಹುದು, ನೆಲಕ್ಕೆ ಕೇಳುವಂತಿಲ್ಲ. ಮೂಲ ಪ್ರದೇಶದ ಪಾಲು 1980ರ ದಶಕದಲ್ಲಿ ಶೇ 1.5ಕ್ಕೆ ಇಳಿಯಿತು. ಶೇ 50 ಎಲ್ಲಿ, ಶೇ 1.5 ಎಲ್ಲಿ! ಸಂಪತ್ತು ತಮ್ಮದಾಗಿದ್ದಾಗ ಒಂದು ನಿಯಮ, ಇನ್ನೊಬ್ಬರದ್ದಾದಾಗ ಇನ್ನೊಂದು. ಆ ಜನರ ಸಿಟ್ಟು ಬುಡಕಟ್ಟು ದ್ವೇಷ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಅವರು ಕೇಳಿದ್ದು ಹಳೆಯ ನಿಯಮವನ್ನೇ, ಅಲ್ವಾ?

ಹಣದ ಲೆಕ್ಕ ಒಂದು ಕಡೆ, ನೀರಿನ ಗತಿ ಇನ್ನೊಂದು ಕಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಡೆಲ್ಟಾದ ಅಂಚಿನಲ್ಲಿ ಆಫ್ರಿಕಾದಲ್ಲೇ ದೊಡ್ಡದಾದ ಕಾಂಡ್ಲಾ ಕಾಡು ಇದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ನೋಡಿರುತ್ತೀರಿ, ನೀರಿನ ಮೇಲೆ ಬೇರು ಚಾಚಿ ನಿಂತ ಮರಗಳು. ಆ ಕೆಸರಿನಲ್ಲಿ ಆಮ್ಲಜನಕ ಇರೋದಿಲ್ಲ. ಅದಕ್ಕೇ ಮರ ಬೇರನ್ನು ಗಾಳಿಗೆ ಹಿಡಿಯುತ್ತದೆ, ಬೇರಿನ ಮೇಲಿನ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ. ಪೈಪ್ ಸೋರಿ ಎಣ್ಣೆ ನೀರಿನ ಮೇಲೆ ಬಂತು ಅಂದುಕೊಳ್ಳಿ. ಉಬ್ಬರದಲ್ಲಿ ನೀರು ಏರುತ್ತದೆ, ಇಳಿತದಲ್ಲಿ ಇಳಿಯುತ್ತದೆ, ಪ್ರತಿ ಸಲವೂ ಬೇರಿಗೆ ಒಂದು ಪದರ ಎಣ್ಣೆ ಬಳಿದು ಹೋಗುತ್ತದೆ. ರಂಧ್ರ ಮುಚ್ಚಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಬೇರುಗಳ ಸಂದಿಯಲ್ಲಿ ಮರಿ ಮಾಡುವ ಮೀನು, ಸಿಗಡಿ, ಏಡಿ ಎಲ್ಲ ಹೋಗುತ್ತವೆ. ಎಣ್ಣೆ ತಿಂದು ಕರಗಿಸುವ ಬ್ಯಾಕ್ಟೀರಿಯಾ ಪ್ರಕೃತಿಯಲ್ಲಿ ಇವೆ, ಆದರೆ ಚುರುಕಾಗಿ ಕೆಲಸ ಮಾಡಲು ಅವಕ್ಕೂ ಆಮ್ಲಜನಕ ಬೇಕು. ಕೆಸರಿನಲ್ಲಿ ಅದು ಇಲ್ಲ. ಹಾಗಾಗಿ ಒಮ್ಮೆ ಕೆಸರಿಗೆ ಇಳಿದ ಎಣ್ಣೆ ದಶಕಗಟ್ಟಲೆ ಅಲ್ಲೇ ಕೂರುತ್ತದೆ.

ಇನ್ನು ಕುಡಿಯುವ ನೀರು. ಒಗೋನಿ ಜನರ ನಾಡು ಸುಮಾರು 1,000 ಚದರ ಕಿಲೋಮೀಟರ್, ನಮ್ಮ ಮಂಡ್ಯ ಜಿಲ್ಲೆಯ ಐದನೇ ಒಂದು ಭಾಗ. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಲ್ಲಿನ ಮಣ್ಣು, ನೀರು ಪರೀಕ್ಷೆ ಮಾಡಿ ವರದಿ ಕೊಟ್ಟಿತು. ನಿಸಿಸಿಯೋಕೆನ್ ಒಗಾಲೆ ಎಂಬಲ್ಲಿ ಜನ ಕುಡಿಯುತ್ತಿದ್ದ ಬಾವಿ ನೀರಿನಲ್ಲಿ ಬೆಂಜೀನ್ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಜಾಸ್ತಿ ಇತ್ತು. ಹತ್ತಿರದಲ್ಲಿ ಸರ್ಕಾರಿ ತೈಲ ಕಂಪನಿಯ ಪೈಪ್‌ಲೈನ್ ಇತ್ತು. ಅಲ್ಲಿ ಅಂತರ್ಜಲದ ಮೇಲೆ ತೇಲುತ್ತಿದ್ದ ಸಂಸ್ಕರಿಸಿದ ಎಣ್ಣೆಯ ದಪ್ಪ 8 ಸೆಂಟಿಮೀಟರ್, ಹೆಚ್ಚುಕಮ್ಮಿ ಒಂದು ಅಂಗೈ ಅಗಲ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಅನ್ನುವುದು ಗಟ್ಟಿಯಾಗಿ ಸಾಬೀತಾದ ವಿಷಯ. ಪೆಟ್ರೋಲಿನಲ್ಲಿರುವ ಬೇರೆ ಎಷ್ಟೋ ರಾಸಾಯನಿಕಗಳಿಗಿಂತ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಬಣ್ಣವೂ ಇಲ್ಲ. ಮೇಲಿನ ಎಣ್ಣೆ ಸರಿಸಿದರೆ ಕೊಡದ ನೀರು ತಿಳಿಯಾಗಿಯೇ ಕಾಣಬಹುದು.

ಇದಕ್ಕೆ ಒಂದು ತಪ್ಪು ನಂಬಿಕೆಯೂ ಸೇರಿಕೊಂಡಿತ್ತು. ನೆಲದ ಕೆಳಗೆ ಜೇಡಿ ಪದರ ಇದೆ, ಎಣ್ಣೆ ಆಳಕ್ಕೆ ಇಳಿಯೋದಿಲ್ಲ, ಮೇಲಿನ ಮಣ್ಣನ್ನು ಉತ್ತು ಹರಡಿದರೆ ಸೂಕ್ಷ್ಮಜೀವಿಗಳೇ ಶುದ್ಧ ಮಾಡುತ್ತವೆ ಅನ್ನುವ ಲೆಕ್ಕದಲ್ಲಿ ಶುದ್ಧೀಕರಣ ನಡೆಯುತ್ತಿತ್ತು. ವಿಶ್ವಸಂಸ್ಥೆಯ ತಂಡ ಕೊರೆದು ನೋಡಿದಾಗ ಒಗೋನಿ ನಾಡಿನ ಉದ್ದಕ್ಕೂ ಅಂಥ ಪದರವೇ ಇರಲಿಲ್ಲ. 49 ಕಡೆ ಕನಿಷ್ಠ 5 ಮೀಟರ್ ಆಳದಲ್ಲೂ ಎಣ್ಣೆಯ ಅಂಶ ಸಿಕ್ಕಿತು. ಪೂರ್ತಿ ಸರಿಪಡಿಸಲು 25ರಿಂದ 30 ವರ್ಷ ಬೇಕು ಎಂದು ವರದಿ ಹೇಳಿತು.

ಗಮನಿಸಿ, ಷೆಲ್ ಒಗೋನಿ ನಾಡಿನಲ್ಲಿ ಎಣ್ಣೆ ತೆಗೆಯುವುದನ್ನು 1993ರಲ್ಲೇ ನಿಲ್ಲಿಸಿತ್ತು. ಹಳೆಯ ಪೈಪುಗಳು ಉಳಿದಿದ್ದವು, ಬೇರೆ ಕಡೆಯ ಎಣ್ಣೆ ಅಲ್ಲಿಂದಲೇ ಹಾದು ಬಂದರಿಗೆ ಹೋಗುತ್ತಿತ್ತು. 2008ರಲ್ಲಿ ಬೋಡೊ ಎಂಬಲ್ಲಿ ಹಾಗೊಂದು ದೊಡ್ಡ ಪೈಪ್ ಸೋರಿ ಊರಿನ ಹಿನ್ನೀರೆಲ್ಲ ಹಾಳಾಯಿತು. ಲಂಡನ್ನಿನಲ್ಲಿ ಕೇಸು ಹಾಕಿದ ಮೇಲೆ, 2015ರಲ್ಲಿ, 5.5 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಂದವಾಯಿತು.

ಅನಿಲದ ಕಥೆಯನ್ನೂ ಹೇಳಲೇಬೇಕು. ಎಣ್ಣೆ ಜೊತೆ ಅನಿಲವೂ ಬರುತ್ತದೆ. ಅದನ್ನು ಹಿಡಿದು ಬಳಸಲು ಖರ್ಚು ಜಾಸ್ತಿ, ಸುಮ್ನೆ ಸುಟ್ಟುಬಿಡುವುದು ಸುಲಭ. ಹಾಗಾಗಿ ದಶಕಗಳ ಕಾಲ ಊರ ಪಕ್ಕದಲ್ಲೇ ಹಗಲು ರಾತ್ರಿ ಬೆಂಕಿ ಉರಿಯಿತು. 2005ರಲ್ಲಿ ಅಲ್ಲಿನ ಹೈಕೋರ್ಟ್ ಇದು ಬದುಕುವ ಹಕ್ಕಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು, ಬೆಂಕಿ ಮಾತ್ರ ಆರಲಿಲ್ಲ. ಹೆಂಗಸರು ಮರಗೆಣಸಿನ ಹಿಟ್ಟನ್ನು ಆ ಬೆಂಕಿಯ ಝಳದಲ್ಲಿ ಹರಡಿ ಒಣಗಿಸಿಕೊಳ್ಳುತ್ತಾರೆ. ಉರಿಯುವ ಅನಿಲದಿಂದ ವಿದ್ಯುತ್ ತೆಗೆಯಬಹುದಿತ್ತು. ಸುತ್ತಲಿನ ಎಷ್ಟೋ ಮನೆಗಳಿಗೆ ಸರಿಯಾದ ಕರೆಂಟೇ ಇಲ್ಲ.

ಕೇಳುವವರಿಲ್ಲದಾಗ ಜನ ಏನು ಮಾಡಬೇಕು? 1966ರಲ್ಲೇ ಇಜಾ ಯುವಕ ಐಸಾಕ್ ಬೋರೊ ಬಂದೂಕು ಹಿಡಿದು ಡೆಲ್ಟಾ ಸ್ವತಂತ್ರ ಎಂದು ಘೋಷಿಸಿದ. 12 ದಿನದಲ್ಲಿ ಸೈನ್ಯ ಅದನ್ನು ಅಡಗಿಸಿತು. ಒಗೋನಿಗಳು ಶಾಂತಿಯ ದಾರಿ ಹಿಡಿದರು. 1990ರಲ್ಲಿ ತಮ್ಮ ಹಕ್ಕುಗಳ ಬೇಡಿಕೆ ಪಟ್ಟಿ ಬರೆದರು. 1993ರ ಜನವರಿ 4ರಂದು ಸುಮಾರು 3 ಲಕ್ಷ ಜನ ಮೆರವಣಿಗೆ ಮಾಡಿದರು, ಅಂದರೆ ಆ ಸಮುದಾಯದ ಅರ್ಧಕ್ಕೂ ಹೆಚ್ಚು ಮಂದಿ. ಮುಂದಾಳು ಲೇಖಕ ಕೆನ್ ಸಾರೊ-ವಿವಾ. ಸಾನಿ ಅಬಾಚನ ಮಿಲಿಟರಿ ಸರ್ಕಾರ ಅವರನ್ನೂ ಇನ್ನೂ ಎಂಟು ಜನರನ್ನೂ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಕಾಮನ್‌ವೆಲ್ತ್ ನೈಜೀರಿಯಾವನ್ನು ಅಮಾನತು ಮಾಡಿತು, ಎಣ್ಣೆ ಮಾರಾಟ ನಿಲ್ಲಲಿಲ್ಲ. ಮುಂದಿನ ತಲೆಮಾರು ಪೈಪ್ ಒಡೆಯಲು, ನೌಕರರನ್ನು ಒತ್ತೆ ಇಡಲು ಶುರುಮಾಡಿತು. ಕಬ್ಬು ಬೆಳೆಯುವವನು ಕಟಾವು ನಿಲ್ಲಿಸಬಹುದು. ಇವರು ನಿಲ್ಲಿಸಬಹುದಾದದ್ದು ಪೈಪಿನೊಳಗಿನ ಎಣ್ಣೆ ಒಂದನ್ನೇ. ಒಡೆದ ಪೈಪಿನಿಂದ ಹಾಳಾಗಿದ್ದು ಮತ್ತೆ ಅವರದ್ದೇ ನೀರು. ಕದ್ದ ಎಣ್ಣೆಯನ್ನು ಕಾಡಿನಲ್ಲಿ ಡ್ರಮ್ಮಿನಲ್ಲಿ ಕಾಯಿಸಿ ಡೀಸೆಲ್ ಮಾಡುವ ದಂಧೆಯೂ ಬೆಳೆಯಿತು, ಮಿಕ್ಕ ಗಸಿಯೆಲ್ಲ ಹೊಳೆಗೆ.

1999ರ ಸಂವಿಧಾನದಲ್ಲಿ ಮೂಲ ರಾಜ್ಯಗಳ ಪಾಲು ಕನಿಷ್ಠ ಶೇ 13 ಆಯಿತು. ಅದರಿಂದ ಎಲ್ಲ ಸರಿಹೋಯಿತೇ ಅಂದರೆ ಇಲ್ಲ. ಒಲೊಯಿಬಿರಿ ಇರುವ ಬಾಯೆಲ್ಸಾ ರಾಜ್ಯದ ರಾಜ್ಯಪಾಲ ಅಲಾಮಿಯೆಸೆಗಾ 2005ರಲ್ಲಿ ಹಣದ ಅಕ್ರಮದ ಆರೋಪದಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದರು. ಹಣ ದೇಶದ ರಾಜಧಾನಿ ಅಬುಜಾದಿಂದ ರಾಜ್ಯದ ರಾಜಧಾನಿಗೆ ಬಂದ ಮಾತ್ರಕ್ಕೆ ಹಳ್ಳಿಗೆ ಬಂದ ಹಾಗಲ್ಲ. ಎಣ್ಣೆಯ ಊರುಗಳಿಗೇ ನೇರವಾಗಿ ನಿಧಿ ಕೊಡಬೇಕು, ಕಂಪನಿಗಳು ವಾರ್ಷಿಕ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಕಟ್ಟಬೇಕು ಅನ್ನುವ ಕಾನೂನು ಬಂದದ್ದು 2021ರಲ್ಲಿ. ಒಲೊಯಿಬಿರಿಯಲ್ಲಿ ಎಣ್ಣೆ ಸಿಕ್ಕಿ 65 ವರ್ಷ ಆದಮೇಲೆ.

ನಮ್ಮ ದೇಶದಲ್ಲೂ ಇಂಥ ನೋವು ಇಲ್ಲದೇ ಇಲ್ಲ. ದಿಗ್ಬೋಯಿಯಲ್ಲಿ 1901ರಿಂದ ಎಣ್ಣೆ ಶುದ್ಧೀಕರಿಸಿದ ಅಸ್ಸಾಮಿನವರು, ತಮ್ಮ ಕಚ್ಚಾತೈಲಕ್ಕೆ ಬಿಹಾರದ ಬರೌನಿಯಲ್ಲಿ ದೊಡ್ಡ ರಿಫೈನರಿ ಕಟ್ಟಿದ್ದನ್ನು ಮರೆಯಲಿಲ್ಲ. ಅಸ್ಸಾಂ ಚಳವಳಿಯಲ್ಲಿ ‘ರಕ್ತ ಕೊಡುತ್ತೇವೆ, ಎಣ್ಣೆ ಕೊಡುವುದಿಲ್ಲ’ ಎಂದು ಕೂಗಿದರು. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲೂ 1902ರಲ್ಲಿ ವಿದ್ಯುತ್ ತಯಾರಾದಾಗ ಅದು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ.

ಈಗ ಇದೆಲ್ಲ ನಮಗೆ ಯಾಕೆ ಬೇಕು ಅಂದರೆ, ಮಂಡ್ಯದ ನೆಲದಡಿಯಲ್ಲೂ ಬೆಲೆಬಾಳುವುದು ಸಿಕ್ಕಿದೆ. ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಕಲ್ಲಿನಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಇದೆ, ಅಂದಾಜು 1,600 ಟನ್ ಎಂದು ಪರಮಾಣು ಖನಿಜ ನಿರ್ದೇಶನಾಲಯದ ಸರ್ವೆ ಆಧರಿಸಿ 2021ರಲ್ಲಿ ಸರ್ಕಾರ ಹೇಳಿತು. ಜಗತ್ತಿನ ಲೆಕ್ಕದಲ್ಲಿ ಇದು ಸಣ್ಣ ನಿಕ್ಷೇಪ, ನೈಜರ್ ಡೆಲ್ಟಾದ ಪ್ರಮಾಣಕ್ಕೆ ಹೋಲಿಸುವಂಥದ್ದಲ್ಲ. ಆದರೂ ಗಣಿ ಕಾನೂನಿನ 2023ರ ತಿದ್ದುಪಡಿಯಿಂದ ಲಿಥಿಯಂ ಹರಾಜು ಹಾಕುವ ಅಧಿಕಾರ ಕೇಂದ್ರದ್ದಾಗಿದೆ, ಹಣ ರಾಜ್ಯಕ್ಕೆ ಬರುತ್ತದೆ. 2015ರ ಕಾನೂನಿನ ಪ್ರಕಾರ ರಾಜಧನಕ್ಕೆ (ರಾಯಲ್ಟಿಗೆ) ತಕ್ಕಂತೆ ಒಂದಿಷ್ಟು ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಸೇರಬೇಕು. ಆ ಪ್ರತಿಷ್ಠಾನದ ಹಣ ಯಾವ ಊರಿಗೆ, ಯಾವ ಕೆಲಸಕ್ಕೆ ಅನ್ನುವುದನ್ನು ಕೇಳುವ ಹಕ್ಕು ಜಿಲ್ಲೆಯ ಜನರದ್ದು.

ಹಣಕ್ಕಿಂತ ಮೊದಲು ನೀರು. ಕಲ್ಲಿನಿಂದ ಲಿಥಿಯಂ ತೆಗೆಯುವ ಸಾಮಾನ್ಯ ವಿಧಾನದಲ್ಲಿ ಅದಿರನ್ನು ಪುಡಿಮಾಡಿ, ಸುಮಾರು 1,000 ಡಿಗ್ರಿಗೂ ಹೆಚ್ಚು ಕಾಯಿಸಿ, ಗಂಧಕಾಮ್ಲದಲ್ಲಿ ಬೇಯಿಸುತ್ತಾರೆ. ನೀರು ಬೇಕು, ಉಳಿಕೆ ಪುಡಿಯ ಗುಡ್ಡೆಯೂ ಏಳುತ್ತದೆ. ಒಂದು ಪಕ್ಷ ಗಣಿ ಬಂದರೆ, ಬರುವ ಮೊದಲೇ ಆ ಸುತ್ತಲಿನ ಬಾವಿ, ಕೆರೆ, ಬೋರ್‌ವೆಲ್ ನೀರನ್ನೆಲ್ಲ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಗ್ರಾಮ ಪಂಚಾಯ್ತಿಯಲ್ಲಿ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ. ನಾಳೆ ನೀರು ಕೆಟ್ಟರೆ ‘ಇದು ಮೊದಲಿಂದಲೂ ಹೀಗೇ ಇತ್ತು’ ಎಂದು ವಕೀಲರು ವಾದ ಹೂಡುತ್ತಾರೆ. ಆಗ ಕೋರ್ಟಿನ ಮುಂದೆ ಇಡಲು ಊರಿನವರ ಹತ್ತಿರ ಆ ವರದಿ ಇರಬೇಕು.