ನೆನಪಿನ ಟಾನಿಕ್ ಇರಲಿ, ಮೊದಲು ನಿದ್ದೆಯ ಲೆಕ್ಕ ಕೊಡಿ

ಪಿಯುಸಿ ತರಗತಿ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮಂಥ ಮಕ್ಕಳ ಡಾಕ್ಟರ ಹತ್ತಿರ ಒಂದು ಬೇಡಿಕೆ ಬಂದೇ ಬರುತ್ತದೆ. "ಓದಿದ್ದು ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ ಡಾಕ್ಟ್ರೇ. ನೆನಪಿನ ಶಕ್ತಿಗೆ ಒಂದು ಒಳ್ಳೆ ಟಾನಿಕ್ ಬರೆದುಕೊಡಿ." ಮಾತಾಡುವುದು ಅಮ್ಮ. ಪಕ್ಕದಲ್ಲಿ ಕೂತ 16-17 ವರ್ಷದ ಮಗನೋ ಮಗಳೋ ಆಕಳಿಸುತ್ತಾ ಇರುತ್ತಾರೆ. ಮನೆಯಲ್ಲಿ ತಿಮರೆ (ಒಂದೆಲಗ) ಚಟ್ನಿ, ನೆನೆಸಿದ ಬಾದಾಮಿ ಎಲ್ಲ ಆಗಲೇ ನಡೆಯುತ್ತಿರುತ್ತದೆ. ತಿನ್ನಲಿ, ಒಳ್ಳೆಯದೇ. ತಿಮರೆ ತಂಬುಳಿ ನನಗೂ ಇಷ್ಟ. ಆದರೆ ನಾನು ಮೊದಲು ಕೇಳುವುದು ಬೇರೆ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀ? ಬೆಳಗ್ಗೆ ಎಷ್ಟಕ್ಕೆ ಏಳುತ್ತೀ?

ಅದಕ್ಕೂ ಉತ್ತರ ಕೊಡುವುದು ಅಮ್ಮನೇ. "ನಿದ್ದೆಗೆ ಏನೂ ಕಡಿಮೆ ಇಲ್ಲ ಡಾಕ್ಟ್ರೇ, ಅದೇ ಜಾಸ್ತಿ. ಭಾನುವಾರ 11 ಗಂಟೆ ಆದರೂ ಏಳುವುದಿಲ್ಲ." ಅಮ್ಮಾ, ಅದು ಸೋಮಾರಿತನ ಅಲ್ಲ. ಆರು ದಿನ ಕೊಡದೇ ಇದ್ದದ್ದನ್ನು ದೇಹ ಏಳನೇ ದಿನ ಕಿತ್ತುಕೊಳ್ಳುತ್ತಿದೆ ಅಷ್ಟೇ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬಂದಿದ್ದಳು. ದ್ವಿತೀಯ ಪಿಯು ವಿಜ್ಞಾನ, ಜೊತೆಗೆ ನೀಟ್ ಕೋಚಿಂಗ್. ದಿನಾ ತಲೆನೋವು, ಓದಿದ್ದು ಮರೆತುಹೋಗುತ್ತದೆ ಎಂಬ ಚಿಂತೆ. ಅಪ್ಪ ದಕ್ಕೆಯಿಂದ ಆಳಸಮುದ್ರದ ಬೋಟಿಗೆ ಹೋಗುವವರು. ಜೂನ್-ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಹಾಗಾಗಿ ಮನೆಯಲ್ಲಿದ್ದರು, ಅವರೇ ಕರೆದುಕೊಂಡು ಬಂದಿದ್ದರು. ನಾನು ಚೀಟಿಯ ಹಿಂಬದಿಯಲ್ಲಿ ಅವಳ ಒಂದು ದಿನವನ್ನು ಅವಳ ಕೈಯಲ್ಲೇ ಬರೆಸಿದೆ. ಬೆಳಗ್ಗೆ 4.45ಕ್ಕೆ ಅಲಾರಂ. 6.40ಕ್ಕೆ ಬಸ್. ಕೋಚಿಂಗ್ ಮುಗಿಸಿ ಮನೆ ತಲುಪುವಾಗ ರಾತ್ರಿ 7.30. ಸ್ನಾನ, ಊಟ, ಹೋಂವರ್ಕ್, ಮೊಬೈಲಿನಲ್ಲಿ ಟೆಸ್ಟ್ ಸೀರೀಸ್. ಹಾಸಿಗೆಗೆ ಹೋಗುವುದು 11.45. ಫೋನ್ ಕೆಳಗಿಡುವುದು ಎಷ್ಟಕ್ಕೆ ಅಂತ ಕೇಳಿದೆ. ಅಪ್ಪನ ಮುಖ ನೋಡಿ, ತಲೆ ತಗ್ಗಿಸಿ, 12.15 ಅಂತ ಬರೆದಳು.

ನಾಲ್ಕೂವರೆ ಗಂಟೆ. ಈ ವಯಸ್ಸಿನವರಿಗೆ ಬೇಕಾದದ್ದು 8ರಿಂದ 10 ಗಂಟೆ. ಇದು ನನ್ನ ಸ್ವಂತ ಲೆಕ್ಕ ಅಲ್ಲ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ 13ರಿಂದ 18 ವರ್ಷದವರಿಗೆ ಹೇಳಿದ್ದು ಇಷ್ಟನ್ನೇ. ಎಲ್ಲ ಮಕ್ಕಳಿಗೂ 10 ಗಂಟೆ ಬೇಕಾಗುತ್ತದೆ ಅಂತಲ್ಲ, ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಆದರೆ ನಾಲ್ಕೂವರೆ ಯಾರಿಗೂ ಸಾಲುವುದಿಲ್ಲ.

ನಾನು ಎಷ್ಟು ಸಲ ಹೇಳಿದರೂ ಹೆತ್ತವರ ಮನಸ್ಸಿಗೆ ಇಳಿಯದ ಮಾತು ಒಂದಿದೆ. ನಿದ್ದೆಯ ಹೊತ್ತನ್ನು ಅವರು ಓದಿನ ಹೊತ್ತಿನಿಂದ ಕಳೆದುಹೋದ ಹೊತ್ತು ಅಂದುಕೊಂಡಿದ್ದಾರೆ. ಎರಡು ಗಂಟೆ ನಿದ್ದೆ ಕಡಿಮೆ ಮಾಡಿದರೆ ಎರಡು ಗಂಟೆ ಓದು ಜಾಸ್ತಿ ಆಯಿತು ಎಂಬ ಲೆಕ್ಕ. ಈ ಲೆಕ್ಕವೇ ತಪ್ಪು.

ಹಗಲು ಓದಿದ್ದು ಮೊದಲು ಸೇರುವುದು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅದು ತಾತ್ಕಾಲಿಕ ಜಾಗ. ಅಲ್ಲಿ ಇರುವಷ್ಟು ಹೊತ್ತು ಆ ನೆನಪು ಗಟ್ಟಿ ಇರುವುದಿಲ್ಲ, ಮೇಲಿಂದ ಮೇಲೆ ಹೊಸದನ್ನು ತುರುಕಿದರೆ ಹಳೆಯದು ಮಸುಕಾಗುತ್ತದೆ. ಅದು ಮೆದುಳಿನ ಹೊರಪದರಕ್ಕೆ ದಾಟಿ, ಮೊದಲೇ ಗೊತ್ತಿದ್ದ ವಿಷಯದ ಜೊತೆ ಸೇರಿ ನೆಲೆಯಾಗುವ ಕೆಲಸ ಹೆಚ್ಚಾಗಿ ನಡೆಯುವುದು ನಿದ್ದೆಯಲ್ಲಿ. ಗಾಢ ನಿದ್ದೆಯಲ್ಲಿ ಹಗಲಿನ ಪಾಠವನ್ನು ಮೆದುಳು ಮತ್ತೆ ಮತ್ತೆ ಓಡಿಸಿ ನೋಡುತ್ತದೆ. ಅಂದರೆ ನಿಮ್ಮ ಮಗಳು ಮಲಗಿದಾಗಲೂ ಓದು ನಡೆಯುತ್ತಿದೆ. ನೀವು 4.45ಕ್ಕೆ ಎಬ್ಬಿಸಿ ನಿಲ್ಲಿಸುತ್ತಿರುವುದು ಅದೇ ಓದನ್ನು.

ಇದು ಹೊಸ ಸುದ್ದಿಯೂ ಅಲ್ಲ. 1924ರಲ್ಲೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿಸಿ ನೋಡಿದರು. ಕಲಿತು ಮಲಗಿದಾಗ ಜಾಸ್ತಿ ನೆನಪಿತ್ತು, ಕಲಿತು ಅಷ್ಟೇ ಹೊತ್ತು ಎಚ್ಚರ ಇದ್ದಾಗ ಬೇಗ ಮರೆತುಹೋಯಿತು. ಇಬ್ಬರೇ ಅಲ್ವಾ ಅಂತ ಕೇಳಬಹುದು, ಸರಿಯಾದ ಪ್ರಶ್ನೆ. ಆಮೇಲೆ ಇದೇ ಜಾಡಿನಲ್ಲಿ ಬೇಕಾದಷ್ಟು ಪ್ರಯೋಗಗಳು ನಡೆದಿವೆ. ಯಾವ ಬಗೆಯ ನೆನಪಿಗೆ ಯಾವ ಹಂತದ ನಿದ್ದೆ ಎಷ್ಟು ಮುಖ್ಯ ಎಂಬ ಚರ್ಚೆ ಇನ್ನೂ ಉಂಟು. ನಿದ್ದೆ ಬೇಕು ಎಂಬುದರಲ್ಲಿ ಚರ್ಚೆ ಇಲ್ಲ.

ಇನ್ನೂ ಒಂದು ವಿಷಯ. ನಿದ್ದೆ ರಾತ್ರಿಯಿಡೀ ಒಂದೇ ತರ ಇರುವುದಿಲ್ಲ. ಸುಮಾರು 90 ನಿಮಿಷದ ಸುತ್ತುಗಳಲ್ಲಿ ಬರುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಕಡೆಗೆ ಕನಸಿನ ನಿದ್ದೆ ಜಾಸ್ತಿ. ಬೇಗ ಎಬ್ಬಿಸಿದರೆ ಎಲ್ಲದರಲ್ಲೂ ಸಮನಾಗಿ ಸ್ವಲ್ಪ ಸ್ವಲ್ಪ ಹೋಗುವುದಲ್ಲ, ಕೊನೆಯ ಆ ಭಾಗವೇ ಹೆಚ್ಚಾಗಿ ಹೋಗುತ್ತದೆ.

"ಅವನಿಗೆ ಅಭ್ಯಾಸ ಆಗಿದೆ, ಐದು ಗಂಟೆ ಸಾಕು" ಅನ್ನುವವರಿಗೆ ನಾನು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ. ಆರೋಗ್ಯವಂತ ವಯಸ್ಕರನ್ನು 14 ದಿನ ರಾತ್ರಿಗೆ 6 ಗಂಟೆ ಮಾತ್ರ ಮಲಗಲು ಬಿಟ್ಟರು. ದಿನ ಕಳೆದ ಹಾಗೆ ಅವರ ಗಮನ ಕುಸಿಯುತ್ತಲೇ ಹೋಯಿತು. ಕೊನೆಗೆ ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ಅವರನ್ನೇ ಕೇಳಿದರೆ, ಸ್ವಲ್ಪ ನಿದ್ದೆ ಬಂದ ಹಾಗಿದೆ, ಅಷ್ಟೇ ಅನ್ನುತ್ತಿದ್ದರು. ತಾವು ಎಷ್ಟು ಮಂಕಾಗಿದ್ದೇವೆ ಎಂದು ಅವರಿಗೇ ಗೊತ್ತಾಗಲಿಲ್ಲ.

ಇದನ್ನು ಹೇಳಿದಾಗ ಆ ಹುಡುಗಿಯ ಅಪ್ಪ ತಟ್ಟನೆ ಮಾತಾಡಿದರು. "ಹೌದು ಡಾಕ್ಟ್ರೇ. ಬೋಟಿನಲ್ಲಿ ಸ್ಟೇರಿಂಗ್ ಹಿಡಿದವನು ನನಗೆ ನಿದ್ದೆ ಬರ್ತಾ ಉಂಟು ಅಂತ ಯಾವತ್ತೂ ಹೇಳುವುದಿಲ್ಲ. ಬೋಟಿನ ಮುಖ್ಯಸ್ಥ ತಂಡೇಲನೇ ನೋಡಿ, ನೀನು ಹೋಗಿ ಮಲಗು ಅಂತ ಕಳಿಸಬೇಕು." ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿದರು. "ಮನೆಯಲ್ಲಿ ನಾನು ಇವಳನ್ನು ಮಲಗು ಅಂತ ಕಳಿಸಲೇ ಇಲ್ಲ" ಅಂದರು. ನನ್ನ ಅರ್ಧ ಕೆಲಸ ಅವರೇ ಮುಗಿಸಿದರು.

ಓದಿನ ಮಾತು ಬಿಡಿ. ಈ ವಯಸ್ಸಿನಲ್ಲಿ ಮನುಷ್ಯ ಇನ್ನೂ ತಯಾರಾಗುತ್ತಿರುತ್ತಾನೆ. ಬೆಳವಣಿಗೆಯ ಹಾರ್ಮೋನು ದಿನದಲ್ಲಿ ಅತಿ ಹೆಚ್ಚು ಸುರಿಯುವುದು ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಗಳ ಗಾಢ ನಿದ್ದೆಯಲ್ಲಿ. ಸಿಟ್ಟು ತಡೆದುಕೊಳ್ಳುವುದು, ಮುಂದಿನದ್ದು ಯೋಚಿಸುವುದು, ಇದಕ್ಕೆಲ್ಲ ಬೇಕಾದ ಮೆದುಳಿನ ಮುಂಭಾಗ ಪೂರ್ತಿ ಬಲಿಯುವಾಗ 25 ವರ್ಷದ ಹತ್ತಿರ ಆಗುತ್ತದೆ. "ಮೊದಲು ಎಷ್ಟು ಪಾಪದವನಿದ್ದ, ಈಗ ಮಾತಾಡಿಸಿದರೆ ಹಾರಿ ಬೀಳುತ್ತಾನೆ" ಅಂತ ದೂರುವ ಅಮ್ಮಂದಿರೇ, ಅವನಿಗೆ ಎರಡು ವಾರ ಹೊಟ್ಟೆ ತುಂಬ ನಿದ್ದೆ ಕೊಡಿ. ಆಮೇಲೂ ಹಾಗೇ ಇದ್ದರೆ ಮಾತಾಡುವ.

ಮಕ್ಕಳ ಪರವಾಗಿಯೂ ಒಂದು ಮಾತು ಹೇಳಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ಚಿಕ್ಕವರಿದ್ದಾಗಿನಕ್ಕಿಂತ ತಡವಾಗಿ ಏರುತ್ತದೆ. ಹಾಗಾಗಿ 9 ಗಂಟೆಗೆ ಮಲಗು ಅಂತ ಗದರಿಸಿದರೆ ನಿದ್ದೆ ಬರುವುದಿಲ್ಲ. ಅವರು ಸುಮ್ನೆ ನೆಪ ಹೇಳುತ್ತಿಲ್ಲ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕಾನೂನು ಮಾಡಿದರು. 2022ರಿಂದ ಅಲ್ಲಿನ ಹೆಚ್ಚಿನ ಹೈಸ್ಕೂಲುಗಳು ಬೆಳಗ್ಗೆ 8.30ಕ್ಕೆ ಮೊದಲು ಶುರುವಾಗುವ ಹಾಗಿಲ್ಲ. ನಮ್ಮಲ್ಲಿ ಆ ಹೊತ್ತಿಗೆ ಮಕ್ಕಳು ಎರಡು ಕ್ಲಾಸ್ ಮುಗಿಸಿರುತ್ತಾರೆ.

ಅಜ್ಜಂದಿರ ಆಕ್ಷೇಪ ಬೇರೆ. "ನಾವು ಬೆಳಗಾಗುವವರೆಗೆ ಯಕ್ಷಗಾನ ಆಟ ನೋಡಿ ಶಾಲೆಗೆ ಹೋಗಲಿಲ್ವಾ? ನಮಗೆ ಏನಾಯ್ತು?" ಆ ರಾತ್ರಿಗಳ ಮೇಲೆ ನನಗೂ ಪ್ರೀತಿ ಉಂಟು. ಗದ್ದೆಯಲ್ಲಿ ಚಾಪೆ ಹಾಸಿ, ಮಹಿಷಾಸುರ ದೊಂದಿ ಹಿಡಿದು ಬರುವಾಗ ಎದ್ದು ಕೂತ ಮಕ್ಕಳಲ್ಲಿ ನಾನೂ ಒಬ್ಬ. ಆದರೆ ನೆನಪು ಮಾಡಿಕೊಳ್ಳಿ ಅಜ್ಜ, ಆಟ ವಾರಕ್ಕೆ ಆರು ದಿನ ಇರಲಿಲ್ಲ. ಮೇ ಕೊನೆಗೆ ಪತ್ತನಾಜೆ ಕಳೆದರೆ ಮೇಳಗಳು ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತಿದ್ದವು. ಉಳಿದ ದಿನ ಊಟ ಆದ ಕೂಡಲೇ ಊರೇ ಮಲಗುತ್ತಿತ್ತು. ಒಂದು ರಾತ್ರಿ ನಿದ್ದೆಗೆಟ್ಟರೆ ದೇಹ ಸುಧಾರಿಸಿಕೊಳ್ಳುತ್ತದೆ. ನನಗೆ ಹೆದರಿಕೆ ಇರುವುದು ಎರಡು ವರ್ಷ ಬಿಡದೆ ನಡೆಯುವ ನಿದ್ದೆಗೇಡಿನ ಬಗ್ಗೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅನ್ನುವವರಿಗೂ ಅದೇ ಉತ್ತರ. ಖಂಡಿತ ಏಳಲಿ, ರಾತ್ರಿ ಎಂಟೂವರೆಗೆ ಮಲಗಿದ್ದರೆ.

ಎಲ್ಲ ಮರೆವಿಗೂ ನಿದ್ದೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ರಕ್ತಹೀನತೆ ಇರಬಹುದು, ಹುಡುಗಿಯರಲ್ಲಿ ಅದು ಸಾಮಾನ್ಯ. ಥೈರಾಯ್ಡ್ ಇರಬಹುದು. ಗೊರಕೆ ಹೊಡೆಯುವ ಮಗು 9 ಗಂಟೆ ಮಲಗಿದರೂ ಸುಸ್ತಾಗಿಯೇ ಏಳಬಹುದು, ಅದನ್ನು ತೋರಿಸಲೇಬೇಕು. ಮಲಗಿದರೂ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, ಮೌನವಾಗಿಬಿಟ್ಟಿದ್ದರೆ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ಮೆಡಿಕಲಿನಿಂದ ನೀವೇ ಮೆಲಟೋನಿನ್ ಗುಳಿಗೆ ತಂದು ಕೊಡಬೇಡಿ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ರಾತ್ರಿ 10ಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದ್ದೂ ಅಲ್ಲೇ. ಸಂಜೆ 5ರ ಮೇಲೆ ಚಹಾ, ಕಾಫಿ ಬೇಡ. ಕೆಫೀನಿನ ಅರ್ಧ ಭಾಗ ಐದು ಗಂಟೆ ಕಳೆದರೂ ರಕ್ತದಲ್ಲಿ ಇರುತ್ತದೆ. ಬೆಳಗ್ಗೆ ಎಬ್ಬಿಸುವುದು 5.45ಕ್ಕೆ. ಆಗಸ್ಟ್ ಕೊನೆಗೆ ಮತ್ತೆ ಬಂದಳು, ಈ ಸಲ ಅಮ್ಮನ ಜೊತೆ. ಅಪ್ಪ ಕಡಲಿಗೆ ಹೋಗಿದ್ದರು. ಏಳು ಗಂಟೆ ನಿದ್ದೆ ಬರುತ್ತಿತ್ತು, ಎಂಟು ಆಗಿರಲಿಲ್ಲ. ತಲೆನೋವು ಬಹುಪಾಲು ಹೋಗಿತ್ತು. ತಮ್ಮನಿಗೆ ಹೊಡೆಯುವುದು ನಿಂತಿದೆ ಅಂತ ಅಮ್ಮ ಹೇಳಿದರು. ಮಾರ್ಕಿನ ಬಗ್ಗೆ ನಾನು ಕೇಳಲಿಲ್ಲ.

ಮನೆಯಲ್ಲಿರುವ ಮಕ್ಕಳಿಗೆ ಹೀಗೆ ಏನಾದರೂ ಮಾಡಬಹುದು. ಹಾಸ್ಟೆಲಿನ ಮಕ್ಕಳದ್ದೇ ನನಗೆ ಚಿಂತೆ. 2024 ಮತ್ತು 2025ರ ಪಿಯುಸಿ ಫಲಿತಾಂಶದಲ್ಲಿ ಮೊದಲೆರಡು ಸ್ಥಾನ ದಕ್ಷಿಣ ಕನ್ನಡ, ಉಡುಪಿಗೇ ಬಂತು. ಹೆಮ್ಮೆ ನನಗೂ ಇದೆ. ರಾಜ್ಯದ ಮೂಲೆಮೂಲೆಯಿಂದ ಜನ ನಮ್ಮನ್ನು ನಂಬಿ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಾರೆ. ಆ ಮಕ್ಕಳು ರಾತ್ರಿ 11ರವರೆಗೆ ಸ್ಟಡಿ ಹಾಲ್‌ನಲ್ಲಿ ಕೂತು, ಬೆಳಗ್ಗೆ 5ರ ಬೆಲ್ಲಿಗೆ ಏಳುತ್ತಾರೆ. ವಾರ್ಡನ್‌ಗಳ ಜೊತೆ ಮಾತಾಡಿದ್ದೇನೆ, ಹೆಚ್ಚಿನವರು ಮಕ್ಕಳ ಬಗ್ಗೆ ಕಾಳಜಿ ಇರುವವರೇ. "ಪೇರೆಂಟ್ಸ್ ಒಪ್ಪುವುದಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಹಾಗಾದರೆ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ನೀವೇ ಎದ್ದು ಕೇಳಿ: ಸ್ಟಡಿ ಅವರ್ 10ಕ್ಕೆ ಮುಗಿಯಲಿ, ಬೆಲ್ 6ಕ್ಕೆ ಆಗಲಿ. ಎರಡನ್ನೂ ಒಟ್ಟಿಗೆ ಬದಲಾಯಿಸಲು ಆಗದಿದ್ದರೆ ಸದ್ಯಕ್ಕೆ ಬೆಲ್ಲಿನಿಂದಲೇ ಶುರು ಮಾಡಲಿ.