ಉತ್ತರ ತಡವಾಗುತ್ತಿರುವುದು ಎಲ್ಲಿ? ಗ್ರಾಹಕ ನಿರ್ವಹಣಾ ತಂತ್ರಾಂಶದ ಎಪಿಐ ಕುರಿತು ಅಧ್ಯಯನ ಟಿಪ್ಪಣಿ

ಎಪಿಐ ಎಂದರೆ ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ; ಹಾಗೆ ಕೇಳುವ ಒಂದೊಂದು ಕೋರಿಕೆಯನ್ನೂ ಇಲ್ಲಿ 'ಕರೆ' ಎನ್ನುತ್ತೇವೆ. 'ಸಿಸ್ಟಂ ನಿಧಾನವಾಗಿದೆ' ಎಂಬ ದೂರನ್ನು ಹಿಡಿದುಕೊಂಡು ನೇರವಾಗಿ ಲಾಗ್ (ಸರ್ವರ್ ಬರೆದಿಡುವ ದಾಖಲೆ) ತೆರೆಯಬೇಡಿ. ಯಾವ ಪುಟ, ಏನನ್ನು ಒತ್ತಿದಾಗ, ಯಾವ ಶಾಖೆಯಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಟಿಪ್ಪಣಿಗಾಗಿ ಒಂದು ಕಲ್ಪಿತ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಫ್ಲ್ಯಾಟ್ ಮಾರುವ ವ್ಯವಹಾರ, ಮಂಗಳೂರಿನ ಕೊಟ್ಟಾರದಲ್ಲಿ ಮುಖ್ಯ ಕಚೇರಿ, ಉಡುಪಿ ಮತ್ತು ಕುಂದಾಪುರದಲ್ಲಿ ಶಾಖೆಗಳು. ವಿಚಾರಿಸುವವರಲ್ಲಿ ದುಬೈ, ಕುವೈತ್, ಮಸ್ಕತ್‌ಗಳಲ್ಲಿ ದುಡಿಯುವವರೇ ಹೆಚ್ಚು. ಫೋನ್ ಬಂದೊಡನೆ ಸಿಬ್ಬಂದಿ ನಂಬರ್ ಹಾಕಿ ಹುಡುಕಬೇಕು, ಗ್ರಾಹಕರ ಪುಟ ತೆರೆಯಬೇಕು. ತೆರೆಯಲು ಆರು ಸೆಕೆಂಡು ಹಿಡಿಯುತ್ತಿದೆ. 'ಒಂದು ನಿಮಿಷ ಸರ್, ತೆರೆಯುತ್ತಾ ಉಂಟು' ಎಂದು ದಿನವಿಡೀ ಹೇಳಬೇಕಾದವರ ಕಷ್ಟ ನಮಗೆ ಅರ್ಥವಾಗಬೇಕು.

ಆರು ಸೆಕೆಂಡನ್ನು ಬಿಡಿಸುವುದು

'ಕರ್ಲ್' ಎಂಬ ಕಮಾಂಡ್ ಒಂದೇ ಕರೆಯ ಹಂತಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಡೊಮೇನ್ ಹೆಸರಿನಿಂದ ವಿಳಾಸ ಸಿಗಲು 0.012 ಸೆಕೆಂಡು, ಟಿಸಿಪಿ ಸಂಪರ್ಕಕ್ಕೆ (ಸರ್ವರಿನೊಡನೆ ಕೊಂಡಿ ಕೂಡಲು) 0.041, ಟಿಎಲ್‌ಎಸ್ (ಆ ಕೊಂಡಿಗೆ ಗುಪ್ತಲಿಪಿಯ ರಕ್ಷಣೆ) ಮುಗಿಯಲು 0.078, ಮೊದಲ ಬೈಟ್ ಬರಲು 5.930, ಒಟ್ಟು 5.990 ಎಂದು ಬಂತೆಂದುಕೊಳ್ಳಿ. ಹೊಸಬರು ಎಡವುವುದು ಇಲ್ಲಿಯೇ: ಈ ಅಂಕಿಗಳೆಲ್ಲ ಕರೆ ಆರಂಭವಾದ ಕ್ಷಣದಿಂದ ಎಣಿಸಿದವು, ಆಯಾ ಹಂತದ ಅವಧಿಗಳಲ್ಲ. ಹಿಂದಿನದನ್ನು ಕಳೆದು ನೋಡಿದರೆ ಟಿಎಲ್‌ಎಸ್ ಮುಗಿದ ಮೇಲೆ ಮೊದಲ ಬೈಟ್‌ಗಾಗಿ ಕಾದದ್ದು 5.852 ಸೆಕೆಂಡು. ಆಚೆ ತುದಿಯ ಸರ್ವರ್ ಆ ಹೊತ್ತಿನಲ್ಲಿ ಏನೋ ಮಾಡುತ್ತಿದೆ, ಇಲ್ಲವೇ ಏನನ್ನೋ ಕಾಯುತ್ತಿದೆ.

ಟಿಸಿಪಿ ಹಂತದಲ್ಲೇ 200 ಮಿಲಿಸೆಕೆಂಡಿನ ಆಸುಪಾಸು ಕಂಡರೆ ಕಥೆ ಬೇರೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಮಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು 700 ಕಿ.ಮೀ.; ಹೋಗಿ ಬರಲು ಕನಿಷ್ಠ 7 ಮಿಲಿಸೆಕೆಂಡು ಬೇಕು, ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಅಮೆರಿಕದ ವರ್ಜೀನಿಯಾದಲ್ಲಿ ಸರ್ವರ್ ಇದ್ದರೆ ಬೆಳಕಿಗೇ 130 ಮಿಲಿಸೆಕೆಂಡು ಸಾಲದು. ಹೊಸ ಸಂಪರ್ಕವೆಂದರೆ ಟಿಸಿಪಿಗೆ ಒಂದು ಸುತ್ತು (ಒಮ್ಮೆ ಹೋಗಿ ಬರುವುದು), ಟಿಎಲ್‌ಎಸ್ 1.3 ಆದರೆ ಇನ್ನೊಂದು, ಹಳೆಯ 1.2 ಆದರೆ ಎರಡು, ಆಮೇಲೆ ಪ್ರಶ್ನೆಗೊಂದು. ಸುತ್ತಿಗೆ 200ರಂತೆ ಹಿಡಿದರೆ ಸರ್ವರ್ ಯಾವ ಕೆಲಸವನ್ನೂ ಮಾಡದೆಯೇ 600ರಿಂದ 800 ಮಿಲಿಸೆಕೆಂಡು ಕಳೆದುಹೋಗುತ್ತದೆ. ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆ ಮತ್ತೆ ಮತ್ತೆ ಬಳಸಿದರೆ ಇದರ ಬಹುಪಾಲು ಉಳಿತಾಯವಾಗುತ್ತದೆ. ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್‌ನ ಮುಂಬಯಿ ಕೇಂದ್ರ 2016ರಲ್ಲಿ, ಹೈದರಾಬಾದ್ ಕೇಂದ್ರ 2022ರಲ್ಲಿ ಆರಂಭವಾದವು. ಅದಕ್ಕೂ ಮೊದಲೇ ಖಾತೆ ತೆರೆದ ಸಂಸ್ಥೆಯ ದತ್ತಾಂಶ ಇಂದಿಗೂ ಬೇರೆ ಖಂಡದಲ್ಲಿ ಕುಳಿತಿರಬಹುದು, ಕೇಳಿ ನೋಡಿ.

ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಎಲ್ಲ ತಪ್ಪೂ ಇಂಟರ್ನೆಟ್ ಲೈನಿನದ್ದೇ ಎನ್ನುವುದು ರೂಢಿ. ಹೆದ್ದಾರಿ ಅಗೆದು ಕೇಬಲ್ ತುಂಡಾಗುವುದು ಸುಳ್ಳಲ್ಲ. ಆದರೆ ಪರೀಕ್ಷೆ ಸುಲಭ: ಅದೇ ಸರ್ವರಿಗೆ ಏನೂ ಭಾರವಿಲ್ಲದ ಒಂದು ಕರೆ ಕಳುಹಿಸಿ. ಅದು ಚಕ್ಕನೆ ಬಂದು ಹುಡುಕಾಟ ಮಾತ್ರ ಆರು ಸೆಕೆಂಡು ತೆಗೆದುಕೊಂಡರೆ ಲೈನಿನವರನ್ನು ಬೈಯುವುದು ನಿಲ್ಲಿಸಬಹುದು.

ಫೋನ್ ನಂಬರಿನ ಹುಡುಕಾಟ

ಡೇಟಾಬೇಸನ್ನು ನಾವೇ ನೋಡಬಹುದಾದ ತಂತ್ರಾಂಶವಾದರೆ ಮುಂದಿನ ಹೆಜ್ಜೆ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಕಡೆಗೆ. ನಮ್ಮ ಉದಾಹರಣೆಯಲ್ಲಿ ನಂಬರುಗಳು ಸೇರಿರುವ ರೀತಿಯನ್ನು ಗಮನಿಸಿ. ಒಬ್ಬರು +91 ಹಾಕಿದ್ದಾರೆ, ಇನ್ನೊಬ್ಬರು 0091. ಸ್ಥಿರ ದೂರವಾಣಿ 0824ರಿಂದಲೂ 0820ರಿಂದಲೂ ಶುರುವಾಗುತ್ತದೆ. ಯುಎಇ ನಂಬರ್ ಒಂದು ಕಡೆ 971, ಇನ್ನೊಂದು ಕಡೆ 00971, ಮತ್ತೊಂದು ಕಡೆ ನಡುವೆ ಅಡ್ಡಗೆರೆ. ಈ ಗೊಂದಲವನ್ನು ದಾಟಲು ಪ್ರೋಗ್ರಾಂ ಬರೆದವರು ಹುಡುಕುವ ಅಂಕಿಗಳ ಮುಂದೆ % ಹಾಕಿ 'ಲೈಕ್' ಬಳಸಿರುತ್ತಾರೆ: ಮೊದಲಿಗೆ ಏನಾದರೂ ಇರಲಿ, ಕೊನೆಗೆ ಈ ಅಂಕಿಗಳಿದ್ದರೆ ಸಾಕು.

ಫಲಿತಾಂಶ ಸರಿಯಾಗಿಯೇ ಬರುತ್ತದೆ. ಆದರೆ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ನಿಘಂಟಿನಂತೆ ಎಡದಿಂದ ಬಲಕ್ಕೆ ಜೋಡಿಸಿದ್ದು. ಮೊದಲ ಅಂಕಿಯೇ ಗೊತ್ತಿಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕೆಂಬುದು ಅದಕ್ಕೆ ತಿಳಿಯದು. ಕೋಷ್ಟಕದ ಮೊದಲ ಸಾಲಿನಿಂದ ಕೊನೆಯವರೆಗೆ ಓದುವುದೊಂದೇ ದಾರಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಸ್' ಹಾಕಿದರೆ 'ಸೀಕ್ ಸ್ಕ್ಯಾನ್' (ಸೀಕ್ವೆನ್ಶಿಯಲ್ ಸ್ಕ್ಯಾನ್, ಎಲ್ಲ ಸಾಲುಗಳ ಓದು) ಎಂದೂ, ಅದರ ಕೆಳಗೆ ಓದಿ ಬಿಸಾಡಿದ ಸಾಲುಗಳ ಸಂಖ್ಯೆಯೂ ಕಾಣುತ್ತದೆ. ಒಂದು ಸಾಲಿಗಾಗಿ ಲಕ್ಷಗಟ್ಟಲೆ ಬಿಸಾಡಿದ್ದರೆ ಕಳ್ಳ ಸಿಕ್ಕ. ಎಚ್ಚರ: ಈ ಕಮಾಂಡ್ ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಅಳಿಸುವ, ತಿದ್ದುವ ಕ್ವೆರಿಗಳ ಮೇಲೆ ಆಟವಾಡಬೇಡಿ.

ಪರಿಹಾರ ದೊಡ್ಡದೇನಲ್ಲ. ಇನ್ನೊಂದು ಕಾಲಂ ಮಾಡಿ, ಪ್ರತಿ ನಂಬರನ್ನು ದೇಶದ ಸಂಕೇತದೊಡನೆ ಇ.164 ಎಂಬ ಅಂತರರಾಷ್ಟ್ರೀಯ ಮಾದರಿಗೆ ತಂದು (ಗರಿಷ್ಠ 15 ಅಂಕಿ) ಅಲ್ಲಿಡಿ, ಅದಕ್ಕೆ ಇಂಡೆಕ್ಸ್ ಕೊಡಿ, ಸಮ ಚಿಹ್ನೆಯಿಂದ ಹುಡುಕಿ. ಕೊನೆಯ ಅಂಕಿಗಳಿಂದಲೇ ಹುಡುಕಬೇಕೆಂಬ ಹಟವಿದ್ದರೆ ನಂಬರನ್ನು ತಿರುಗುಮುರುಗಾಗಿ ಬರೆದಿಟ್ಟು ಅದಕ್ಕೆ ಇಂಡೆಕ್ಸ್ ಮಾಡಬಹುದು. ಆಗ ಕೊನೆಯದೇ ಮೊದಲಾಗುತ್ತದೆ. ನಡೆಯುತ್ತಿರುವ ವ್ಯವಸ್ಥೆಯಲ್ಲಿ ಇಂಡೆಕ್ಸ್ ಸೇರಿಸುವಾಗ 'ಕನ್‌ಕರೆಂಟ್ಲಿ' ಪದವನ್ನು ಬಿಡಬೇಡಿ. ಬಿಟ್ಟರೆ ಇಂಡೆಕ್ಸ್ ಸಿದ್ಧವಾಗುವವರೆಗೆ ಆ ಕೋಷ್ಟಕಕ್ಕೆ ಯಾರೂ ಏನನ್ನೂ ಬರೆಯುವಂತಿಲ್ಲ.

ಹೆಸರಿನ ಹುಡುಕಾಟದ ತೊಂದರೆ ಬೇರೆ. ನಮ್ಮ ಊರಿನಲ್ಲಿ 'ಶೆಟ್ಟಿ' ಎಂದಷ್ಟೇ ಹುಡುಕಿದರೆ ಯಾವ ಇಂಡೆಕ್ಸ್ ತಾನೇ ಏನು ಮಾಡೀತು! ಸೇಲ್ಸ್‌ಫೋರ್ಸ್‌ನಂಥ ಸಿದ್ಧ ಗ್ರಾಹಕ ನಿರ್ವಹಣಾ ವ್ಯವಸ್ಥೆಯಲ್ಲಿ ಇದಕ್ಕೆ ಲೆಕ್ಕವೇ ಇದೆ: ನಾವು ಮಾಡಿಸಿದ ಕಸ್ಟಂ ಇಂಡೆಕ್ಸ್ ಬಳಕೆಯಾಗಬೇಕಾದರೆ ಹುಡುಕಾಟಕ್ಕೆ ಸಿಗುವ ದಾಖಲೆಗಳು ಮೊದಲ 10 ಲಕ್ಷದ ಶೇ 10ಕ್ಕಿಂತ, ಅದರಾಚೆಗಿನದರ ಶೇ 5ಕ್ಕಿಂತ ಕಡಿಮೆ ಇರಬೇಕು. ಮೀರಿದರೆ ಇಂಡೆಕ್ಸ್ ಇದ್ದೂ ಇಲ್ಲದಂತೆ. ಅಡ್ಡಹೆಸರಿನ ಜೊತೆ ಶಾಖೆಯನ್ನೋ ವಿಚಾರಿಸಿದ ತಿಂಗಳನ್ನೋ ಕಡ್ಡಾಯ ಮಾಡುವುದು ಒಳ್ಳೆಯದು. ಡಿಸೋಜ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಅದನ್ನು ಸರಿಹೊಂದಿಸಲು ಕಾಲಂ ಮೇಲೆಯೇ ಫಂಕ್ಷನ್ (ಬರಹವನ್ನು ಬದಲಿಸುವ ಸೂತ್ರ) ಹೇರಿದರೆ ಅದೇ ಫಂಕ್ಷನ್‌ಗೆ ಪ್ರತ್ಯೇಕ ಇಂಡೆಕ್ಸ್ ಬೇಕಾಗುತ್ತದೆ.

ಸಣ್ಣ ಕರೆಗಳ ಸಾಲು

ಪ್ರತಿ ಕರೆಯೂ 30 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಪುಟ ಮಾತ್ರ ತೆವಳುತ್ತದೆ ಎಂದಾದರೆ ಕರೆಗಳನ್ನು ಎಣಿಸಿ. 50 ವಿಚಾರಣೆಗಳ ಪಟ್ಟಿಗೆ ಒಂದು ಕರೆ, ಆಮೇಲೆ ಪ್ರತಿಯೊಂದರ ಹೊಣೆ ಹೊತ್ತ ಸಿಬ್ಬಂದಿಯ ಹೆಸರಿಗೆ ಒಂದೊಂದು: ಒಟ್ಟು 51. ಜೀನಸು ಅಂಗಡಿಗೆ ಬೆಲ್ಲಕ್ಕೊಮ್ಮೆ, ಉದ್ದಿಗೊಮ್ಮೆ ಹೋಗಿ ಬಂದ ಹಾಗೆ. ಒಂದರ ಹಿಂದೊಂದು ಹೋದರೆ ಒಂದೂವರೆ ಸೆಕೆಂಡು ಅಲ್ಲಿಯೇ ಹೋಯಿತು. ಇನ್ನೂ ಒಂದು ತೊಂದರೆ ಇದೆ. ನೂರರಲ್ಲಿ ಒಂದು ಕರೆ ಮಾತ್ರ ತಡವಾಗುವ ಸರ್ವರಿಗೆ ಒಂದು ಪುಟ 50 ಕರೆ ಮಾಡಿದರೆ, ಒಂದಾದರೂ ತಡವಾಗುವ ಸಾಧ್ಯತೆ ಶೇ 40ರ ಹತ್ತಿರ. ಸೇಲ್ಸ್‌ಫೋರ್ಸ್‌ನ ಕಾಂಪೊಸಿಟ್ ಕರೆಯಲ್ಲಿ 25 ಉಪಕರೆಗಳನ್ನು ಒಟ್ಟಿಗೆ ಕಟ್ಟಿ ಕಳುಹಿಸಬಹುದು. ಸಿಬ್ಬಂದಿಯ ಹೆಸರನ್ನು ಮೊದಲ ಕ್ವೆರಿಯಲ್ಲೇ ತರಿಸುವುದು ಇನ್ನೂ ಉತ್ತಮ.

ಸರಾಸರಿಯನ್ನು ನೆಚ್ಚಬೇಡಿ. 95 ಕರೆಗಳು 200 ಮಿಲಿಸೆಕೆಂಡಿನಲ್ಲೂ 5 ಕರೆಗಳು 6 ಸೆಕೆಂಡಿನಲ್ಲೂ ಮುಗಿದರೆ ಸರಾಸರಿ 490 ಮಿಲಿಸೆಕೆಂಡು. ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ! 50, 95, 99ನೆಯ ಪರ್ಸೆಂಟೈಲ್‌ಗಳನ್ನು (ನೂರರಲ್ಲಿ ಅಷ್ಟು ಕರೆಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂಬ ಅಂಕಿಗಳನ್ನು) ಪಕ್ಕಪಕ್ಕದಲ್ಲಿಟ್ಟು ನೋಡಿ.

ಕಾಯುವಿಕೆ ಮತ್ತು ಗಡಿಯಾರ

ಡೇಟಾಬೇಸ್‌ನ ಪ್ರೊಸೆಸರ್ ಆರಾಮವಾಗಿದೆ, ಆದರೂ ಉತ್ತರ ತಡ. ಆಗ ಕನೆಕ್ಷನ್ ಪೂಲ್ (ಡೇಟಾಬೇಸಿಗೆ ಮೊದಲೇ ತೆರೆದಿಟ್ಟ ಸಂಪರ್ಕಗಳ ಗುಂಪು) ನೋಡಿ. 20 ಕನೆಕ್ಷನ್‌ಗಳಿದ್ದು ಪ್ರತಿ ಕೆಲಸ 50 ಮಿಲಿಸೆಕೆಂಡು ಹಿಡಿದರೆ ಸೆಕೆಂಡಿಗೆ 400 ಕೆಲಸ. ಅದೇ ಕೆಲಸ 500ಕ್ಕೆ ಏರಿದರೆ 40. ಉಳಿದವು ಬಾಗಿಲಲ್ಲಿ ನಿಂತಿರುತ್ತವೆ, ಡೇಟಾಬೇಸಿಗೆ ಅವುಗಳ ಸುಳಿವೂ ಇರುವುದಿಲ್ಲ. ಕನೆಕ್ಷನ್ ಹಿಡಿದುಕೊಂಡೇ ಹೊರಗಿನ ಎಸ್‌ಎಂಎಸ್ ಸೇವೆಯನ್ನು ಕರೆಯುವ ಕೋಡ್ ಇದಕ್ಕೆ ಸಾಮಾನ್ಯ ಕಾರಣ. ಸರ್ವರ್ ದೊಡ್ಡದು ಮಾಡಿ ಎಂಬ ಸಲಹೆ ಇಂಥ ಹೊತ್ತಿನಲ್ಲಿ ಬಿಲ್ಲನ್ನು ಮಾತ್ರ ದೊಡ್ಡದು ಮಾಡುತ್ತದೆ.

ಬೆಳಿಗ್ಗೆ ಕಚೇರಿ ತೆರೆದ ಹೊತ್ತಿಗೇ ನಿಧಾನವಾದರೆ, ಲಾಗ್‌ನಲ್ಲಿ ಬರೆದ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆಯೇ ನೋಡಿ. ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಆಮೇಲೆ ತಂತ್ರಾಂಶ ಮಾರಿದವರು 'ನಡುರಾತ್ರಿ' ಎನ್ನುವುದು ಯಾರ ನಡುರಾತ್ರಿ ಎಂದು ವಿಚಾರಿಸಿ. ನ್ಯೂಯಾರ್ಕಿನಲ್ಲಿ ಬೇಸಿಗೆಯ ರಾತ್ರಿ 12 ಎಂದರೆ ಕೊಟ್ಟಾರದಲ್ಲಿ ಬೆಳಿಗ್ಗೆ 9:30, ಚಳಿಗಾಲದಲ್ಲಿ 10:30. ಯಾರಿಗೂ ತೊಂದರೆಯಾಗದಿರಲೆಂದು ಆ ಹೊತ್ತಿಗೆ ಇಟ್ಟ ಬ್ಯಾಕಪ್, ವರದಿ ತಯಾರಿಕೆ ಎಲ್ಲವೂ ನಮ್ಮ ಮೊದಲ ಫೋನ್ ಕರೆಗಳ ಮೇಲೆ ಬೀಳುತ್ತವೆ.

ಕರೆಗಳ ಮಿತಿ ಮೀರಿದಾಗ ಬರುವ 429 ಸಂಕೇತವೂ ಹೀಗೆಯೇ ಮರೆಯಲ್ಲಿರುತ್ತದೆ. ಕೆಲವು ಲೈಬ್ರರಿಗಳು (ಪ್ರೋಗ್ರಾಂನಲ್ಲಿ ಬಳಸುವ ಸಿದ್ಧ ಕೋಡ್) ಸದ್ದಿಲ್ಲದೆ ಕಾದು ಮತ್ತೆ ಪ್ರಯತ್ನಿಸುತ್ತವೆ. ಲಾಗಿನಲ್ಲಿ ಯಶಸ್ಸು ಎಂದಿರುತ್ತದೆ, ಬಳಸುವವರು ಎಂಟು ಸೆಕೆಂಡು ಕಾದಿರುತ್ತಾರೆ. ಮರುಪ್ರಯತ್ನಗಳನ್ನೂ ಲಾಗಿನಲ್ಲಿ ಬರೆಸಿ.

ಡೇಟಾಬೇಸ್ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಕೊನೆಗೆ ತಂತ್ರಾಂಶ ಮಾರಿದವರ ಸಹಾಯ ಕೇಂದ್ರಕ್ಕೇ ಬರೆಯಬೇಕು. 'ತುಂಬಾ ನಿಧಾನ, ದಯವಿಟ್ಟು ನೋಡಿ' ಎಂದು ಬರೆದರೆ ಕ್ಯಾಶ್ (ಬ್ರೌಸರ್ ಕೂಡಿಟ್ಟ ಹಳೆಯ ಪ್ರತಿ) ಅಳಿಸಿ ನೋಡಿ ಎಂಬ ಉತ್ತರ ಬರುತ್ತದೆ. ಕರೆಯ ವಿಳಾಸ, ಉತ್ತರದ ಹೆಡರ್‌ನಲ್ಲಿರುವ (ಉತ್ತರದ ಮುಂಭಾಗದ ವಿವರಗಳಲ್ಲಿರುವ) ರಿಕ್ವೆಸ್ಟ್ ಐಡಿ, ಯುಟಿಸಿ ಸಮಯ, ಮೇಲೆ ಬಿಡಿಸಿದ ಐದು ಅಂಕಿಗಳು, ಭಾರವಿಲ್ಲದ ಕರೆ ತೆಗೆದುಕೊಂಡ ಸಮಯ, ಇಷ್ಟನ್ನು ಬರೆಯಿರಿ. ಅಂಟಿಸುವ ಮೊದಲು ಟೋಕನ್‌ಗಳನ್ನೂ (ಪಾಸ್‌ವರ್ಡ್‌ನಂತೆ ಬಳಸುವ ಸಂಕೇತಗಳು) ಗ್ರಾಹಕರ ನಂಬರುಗಳನ್ನೂ ಅಳಿಸಿ. ನಂಬರ್ ಹಾಕಿ ಹುಡುಕುವ ಕರೆಯಾದರೆ ಆ ನಂಬರ್ ವಿಳಾಸದ ಸಾಲಿನ ತುದಿಯಲ್ಲೇ ಉಳಿದಿರುತ್ತದೆ, ಅಲ್ಲಿಯೂ ನೋಡಿ.